ಮುನ್ನೂರ ಹದಿನೆಂಟು ದಿನ

ಆ ವಾರ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದೆ, ಅದು ಕುದಿಯುವ ಮೊದಲೇ ಆರಿಸಿ ಬಾಗಿಲಿಗೆ ಬರುತ್ತಿದ್ದೆ. ರಸ್ತೆಯಾಚೆ ವಿನಿ ಟ್ಯಾನ್ಸಿಯ ಮನೆ. ಅವಳ ಕಿಟಕಿಯ ಪರದೆ ಮುಚ್ಚಿಯೇ ಇತ್ತು. ಈ ಐವತ್ತು ವರ್ಷದಲ್ಲಿ ಆ ಪರದೆ ಹಗಲು ಹೊತ್ತು ಮುಚ್ಚಿದ್ದನ್ನು ನಾನು ಕಂಡದ್ದು ಅವಳ ಗಂಡ ತೀರಿಕೊಂಡಾಗ ಮಾತ್ರ.

ಈ ಸಲ ಮುಚ್ಚಿಸಿದವಳು ನಾನು.

ಸ್ಲೈಗೋ ಜಿಲ್ಲೆಯ ಈ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಕಲಿಸಿದವಳು ನಾನು, ಅಟ್ರಾಕ್ಟಾ ಸ್ಕ್ಯಾನ್ಲನ್. ನಿವೃತ್ತಿಯಾದ ಮೇಲೆ ಚರ್ಚ್ ಹಾಲ್‌ನ ಹಿಂದಿನ ಕೋಣೆಯಲ್ಲಿ ಕೂತು ಜನರ ಹಿರಿಯರನ್ನು ಹುಡುಕಿಕೊಡುವ ಕೆಲಸ ಹಿಡಿದೆ. ಹುಟ್ಟು, ಮದುವೆ, ಸಾವು, ಮೂರರ ಸರ್ಕಾರಿ ದಾಖಲೆಗಳ ನಕಲು ತರಿಸುವುದು, ವಂಶದ ಪಟ್ಟಿ ಬರೆಯುವುದು. ಬಾಸ್ಟನ್ನಿನವರು, ಮ್ಯಾಂಚೆಸ್ಟರಿನವರು ಬಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಮ್ಯಾಲಕಿ ಡರ್ಕನ್ ತನ್ನ ಮನೆತನದ ಸಮಾಧಿಗೆ ಹೊಸ ಕಲ್ಲು ನಿಲ್ಲಿಸುವವನಿದ್ದ. ಅಲ್ಲಿ ಮಲಗಿದವರೆಲ್ಲರ ಹೆಸರು, ತಾರೀಕು ಬೇಕು ಅಂತ ನನ್ನ ಬಳಿ ಬಂದ. ಅವರಲ್ಲಿ ಕೊನೆಯವಳು ಬ್ರಿಜಿಡ್, ಅವನ ಅಜ್ಜನ ತಂಗಿ, ನಮ್ಮ ವಿನಿಯ ತಾಯಿ. ಸಾಯುವಾಗ 'ನನ್ನನ್ನು ಅಪ್ಪನ ಪಕ್ಕ ಮಲಗಿಸಿ' ಅಂದಿದ್ದಳಂತೆ. ಹಾಗೇ ಮಲಗಿಸಿದ್ದರು.

ಆ ಅಪ್ಪ ಮಾರ್ಟಿನ್, ಸರೋವರದಲ್ಲಿ ದೋಣಿ ಮಗುಚಿ ಸತ್ತದ್ದು 1891ರ ಮೇ ಮೂರರಂದು. ಬ್ರಿಜಿಡ್ ಹುಟ್ಟಿದ್ದು 1892ರ ಮಾರ್ಚ್ ಹದಿನಾರು, ದಾಖಲಾದದ್ದು ಏಪ್ರಿಲ್ ಇಪ್ಪತ್ತೆರಡು. ಮಾಹಿತಿ ಕೊಟ್ಟವರು: ತಾಯಿ ಕ್ಯಾಥರೀನ್. ಓದುಬರಹ ಬಾರದ ಅವಳು ಸಹಿಯ ಜಾಗದಲ್ಲಿ ಗುಣಾಕಾರದ ಗುರುತು ಹಾಕಿದ್ದಳು. ನಾನು ದಿನ ಎಣಿಸಿದೆ. ಗಂಡ ಸತ್ತ ಮುನ್ನೂರ ಹದಿನೆಂಟನೆಯ ದಿನ. ಹತ್ತೂವರೆ ತಿಂಗಳು ಯಾವ ಹೆಂಗಸು ಹೊರುತ್ತಾಳೆ?

ಅದಕ್ಕೆ ಎರಡು ವಾರ ಮೊದಲು ವಿನಿ ತನ್ನ ಅಡುಗೆಮನೆಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತ ನನಗೆ ಹೇಳಿದ್ದಳು. "ಅಮ್ಮ ಹುಟ್ಟಿದ್ದು ಸಂತ ಬ್ರಿಜಿಡಳ ಹಬ್ಬದ ದಿನ ಕಣೇ, ಫೆಬ್ರವರಿ ಒಂದು. ಅದಕ್ಕೇ ಆ ಹೆಸರು. ಹಬ್ಬಕ್ಕೆ ಜೊಂಡಿನ ಶಿಲುಬೆ ಕಟ್ಟುವಾಗೆಲ್ಲ ಅಜ್ಜಿ ಹೇಳೋಳು."

"ಅಜ್ಜಿಯರು ಹೇಳಿದ್ದನ್ನೆಲ್ಲ ಬರ್ಕೊಳ್ಳೋಕಾಗುತ್ತಾ ವಿನಿ? ಕಾಗದ ಹೇಳ್ಬೇಕು," ಅಂತ ನಕ್ಕಿದ್ದೆ.

ಡರ್ಕನ್ ಬಳಗ ಹಾಲ್‌ನಲ್ಲಿ ಸೇರಿದ ದಿನ ನಾನು ಪಟ್ಟಿ ಓದಿದೆ. ಬ್ರಿಜಿಡಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಮುನ್ನೂರ ಹದಿನೆಂಟು ಅಂತ ಓದಿದೆ, ನಲವತ್ತು ಜನರ ಮುಂದೆ. ಸಾಲದ್ದಕ್ಕೆ, "ಮದುವೆಯ ದಾಖಲೆಯಲ್ಲಿ ತಂದೆ ಮಾರ್ಟಿನ್ ಅಂತಲೇ ಬರೆಸಿದ್ದಾಳೆ. ಪಾಪ, ಅವಳಿಗೇ ಗೊತ್ತಿರಲಿಲ್ಲ," ಅಂತ ಒಗ್ಗರಣೆ ಬೇರೆ ಹಾಕಿದೆ. ಯಾರೋ ಕೆಮ್ಮಿದರು. ವಿನಿ ಎದ್ದು, ಮೇಜಿನ ಮೇಲಿದ್ದ ತನ್ನ ಕೇಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದಳು. "ಹಾಗಾದ್ರೆ ಕಲ್ಲಲ್ಲಿ ಆ ಹೆಸರು ಬೇಡ ಬಿಡಿ ಟೀಚರ್," ಅಂದ ಮ್ಯಾಲಕಿ. ಅದೇ ಗುಂಡಿಯಲ್ಲಿ ಅವಳ ಮೂಳೆ ಇದೆ. ಹೆಸರು ಬೇಡವಂತೆ. ನಾನು ಪಟ್ಟಿ ಎತ್ತಿಕೊಂಡು ಮನೆಗೆ ಬಂದೆ.

ಗುರುವಾರ ಮಧ್ಯಾಹ್ನ ತಮ್ಮ ಫಿಂಟನ್ ಗಾಲ್ವೆಯಿಂದ ಫೋನ್ ಮಾಡಿದ.

"ಅಕ್ಕಾ, ಅಪ್ಪನ ಹುಟ್ಟುಹಬ್ಬದ ಪೂಜೆಗೆ ಹೇಳಿದ್ಯಾ? ಯಾವುದಕ್ಕೆ, ನಿಜದ್ದಕ್ಕೋ ಸರ್ಕಾರದ್ದಕ್ಕೋ?"

ಅವನು ನಕ್ಕ. ನಮ್ಮಪ್ಪನಿಗೆ ಎರಡು ಹುಟ್ಟುಹಬ್ಬ. ಮಗು ಹುಟ್ಟಿ ನಲವತ್ತೆರಡು ದಿನದೊಳಗೆ ಬರೆಸಬೇಕು, ತಡವಾದರೆ ದಂಡ ಅಂತ ಎಲ್ಲರೂ ಹೆದರುತ್ತಿದ್ದ ಕಾಲ. ಹುಲ್ಲು ಒಟ್ಟುವ ಗಡಿಬಿಡಿಯಲ್ಲಿ ತಡವಾದ ನಮ್ಮಜ್ಜಿ ಹುಟ್ಟಿದ ದಿನವನ್ನೇ ಒಂದು ತಿಂಗಳು ಮುಂದಕ್ಕೆ ಹಾಕಿ ಬರೆಸಿ ಬಂದಿದ್ದಳು. ಅರ್ಧ ಊರು ಹಾಗೇ ಮಾಡಿತ್ತು. ನಮ್ಮ ಮನೆಯಲ್ಲಿ ಅದು ತಮಾಷೆ. ವಿನಿಯ ಮನೆಯದನ್ನು ಮಾತ್ರ ನಾನು ಸಾಕ್ಷಿ ಅಂತ ಹಿಡಿದೆ! ಫೋನ್ ಇಟ್ಟವಳೇ ಕೋಟು ಹಾಕಿಕೊಂಡು ಪಾದ್ರಿಗಳ ಮನೆಗೆ ಓಡಿದೆ.

"ಊಟಕ್ಕೆ ಕೂತಿದೀನಿ ಟೀಚರ್," ಅಂದರು ಫಾದರ್.

"ನೀವು ಕೂತಿರಿ ಫಾದರ್. ನಂಗೆ ಕೂರೋಕಾಗ್ತಿಲ್ಲ. ಮಕ್ಕಳ ಜ್ಞಾನಸ್ನಾನ ಬರೆದಿಟ್ಟ ಹಳೇ ಪುಸ್ತಕ ಎಲ್ಲಿದೆ ಹೇಳಿ ಸಾಕು."

"ಯಾರಾದ್ರೂ ಸತ್ರಾ?"

"ಸತ್ತು ಮೂವತ್ತು ವರ್ಷ ಆಯ್ತು. ನಾನು ಹೋದ ವಾರ ಇನ್ನೊಂದು ಸಲ ಕೊಂದೆ."

ಅವರು ಆಲೂಗಡ್ಡೆ ಬಿಟ್ಟು ಎದ್ದರು. 1892, ಎರಡನೆಯ ಹಾಳೆ. ಬ್ರಿಜಿಡ್, ಮಾರ್ಟಿನ್ ಮತ್ತು ಕ್ಯಾಥರೀನ್ ಡರ್ಕನ್‌ರ ಮಗಳು. ಜ್ಞಾನಸ್ನಾನ ಫೆಬ್ರವರಿ ಎರಡು. ಸರ್ಕಾರದ ಪ್ರಕಾರ ಅವಳು ಹುಟ್ಟುವುದಕ್ಕೆ ಆರು ವಾರ ಮೊದಲು! ಮಾರ್ಟಿನ್ ಸತ್ತು ಒಂಬತ್ತು ತಿಂಗಳು ತುಂಬುವ ಮೊದಲೇ. ನಾನು ಅಲ್ಲೇ ಅತ್ತೆ. ಗಂಡ ಸತ್ತ ಹೆಂಗಸು, ಎದೆಯ ಮೇಲೆ ಕೂಸು, ಬಿತ್ತುವ ಕಾಲ, ದಾಖಲೆ ಕಚೇರಿಗೆ ಹನ್ನೊಂದು ಮೈಲಿ ದಾರಿ. ದಂಡ ತಪ್ಪಿದರೆ ಸಾಕು ಅಂತ ಬಾಯಿಗೆ ಬಂದ ತಾರೀಕು ಹೇಳಿದ್ದಾಳೆ. ಅದು ತನ್ನ ಮಾನದ ಮೇಲೇ ಬೀಳುತ್ತದೆ ಅಂತ ಅವಳಿಗೆ ಹೊಳೆಯಲೇ ಇಲ್ಲ. ನೂರು ವರ್ಷ ಯಾರೂ ಎಣಿಸಲೂ ಇಲ್ಲ. ನಾನು ಎಣಿಸಿದೆ.

ವಿನಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಬರೆದುಕೊಂಡು ಬಂದ ಚೀಟಿ ಚಾಚಿದೆ. ಅವಳು ಕೈ ನೀಡಲಿಲ್ಲ.

"ಇದನ್ನೇ ತಾನೇ ನಾನು ಹಿಟ್ಟು ಕಲಸ್ತಾ ಹೇಳಿದ್ದು?"

"ಹೌದು."

"ಪುಸ್ತಕದ ಆ ಹಾಳೇನ ಇಲಿ ತಿಂದಿದ್ರೆ ಇವತ್ತು ಬರ್ತಿದ್ಯಾ ಅಟ್ರಾಕ್ಟಾ?"

ನಾನು ಚಾಚಿದ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಹಾಲ್‌ನಲ್ಲಿ ಎಷ್ಟು ಜನ ಇದ್ರು?"

"ನಲವತ್ತು."

"ಭಾನುವಾರ ಸಮಾಧಿಗಳ ಆಶೀರ್ವಾದಕ್ಕೆ ಊರಿಗೆ ಊರೇ ಇರುತ್ತೆ. ಅಲ್ಲಿ ಓದು," ಅಂದು ಬಾಗಿಲು ಹಾಕಿಕೊಂಡಳು.

ಭಾನುವಾರ ಬಿಸಿಲಿತ್ತು, ಗಾಳಿಯೂ ಇತ್ತು. ಜನ ತಮ್ಮ ತಮ್ಮವರ ಸಮಾಧಿಯ ಪಕ್ಕ ನಿಂತಿದ್ದರು. ಫಾದರ್ ತೀರ್ಥ ಚಿಮುಕಿಸುತ್ತ ಸಾಲು ಸಾಲು ದಾಟಿ ಡರ್ಕನ್‌ರ ಹೊಸ ಕಲ್ಲಿಗೆ ಬಂದರು. ನಯವಾದ ಕಪ್ಪು ಕಲ್ಲು, ಆರು ಹೆಸರು, ಏಳನೆಯದಿಲ್ಲ. ವಿನಿ ಒಂದು ಬದಿಗೆ, ಮ್ಯಾಲಕಿ ಇನ್ನೊಂದು ಬದಿಗೆ. ನಾನು ಅವರ ನಡುವೆ ಹೋಗಿ ನಿಂತೆ. ಫಾದರ್‌ಗೆ ಮೊದಲೇ ಹೇಳಿದ್ದೆ, ಅವರು ಕೈ ಇಳಿಸಿ ಕಾದರು.

"ಬ್ರಿಜಿಡ್ ಡರ್ಕನ್," ಅಂದೆ. ಗಾಳಿಗೆ ದನಿ ಹಾರಿಹೋಯಿತು.

"ಜೋರಾಗಿ," ಅಂದಳು ವಿನಿ. "ಹಾಲ್‌ನಲ್ಲಿ ಹಿಂದಿನ ಬೆಂಚಿಗೂ ಕೇಳಿಸಿತ್ತು."

ಮೂವತ್ತೆಂಟು ವರ್ಷ ಮಕ್ಕಳ ಮೇಲೆ ಏರಿಸಿದ ದನಿಯನ್ನೆಲ್ಲ ಒಟ್ಟು ಮಾಡಿ ಓದಿದೆ. ತಂದೆ ಮಾರ್ಟಿನ್, ತಾಯಿ ಕ್ಯಾಥರೀನ್, ಜ್ಞಾನಸ್ನಾನ ಫೆಬ್ರವರಿ ಎರಡು, ನಾನು ಮಾಡಿದ ಲೆಕ್ಕ ತಪ್ಪು, ಹೇಳಿದ ಮಾತು ಅದಕ್ಕಿಂತ ದೊಡ್ಡ ತಪ್ಪು. ಮ್ಯಾಲಕಿ ಟೋಪಿ ತೆಗೆದ. ಚೀಟಿಯಲ್ಲಿದ್ದದ್ದು ಅಷ್ಟೇ. ಅವಳು ನಿಜಕ್ಕೂ ಹುಟ್ಟಿದ ದಿನ ಪಾದ್ರಿಗಳ ಪುಸ್ತಕದಲ್ಲಿರಲಿಲ್ಲ. ಅದು ಯಾವ ಕಾಗದದಲ್ಲೂ ಇಲ್ಲ.

ಚೀಟಿಯನ್ನು ಮಡಚಿ ಜೇಬಿಗೆ ಹಾಕಿದೆ.

"ಹುಟ್ಟಿದ್ದು ಫೆಬ್ರವರಿ ಒಂದು, ಸಂತ ಬ್ರಿಜಿಡಳ ದಿನ," ಅಂತ ಕೂಗಿದೆ. "ಮಾಹಿತಿ ಕೊಟ್ಟವರು, ಮಗಳು, ವಿನಿ ಟ್ಯಾನ್ಸಿ."