ಪಿಂಗಳಿ ದೊರೆಯ ಐದನೆಯ ಮಗು

ಲ್ಯಾಪ್‌ಟಾಪಿನ ಪರದೆಯ ಮೇಲೆ ‘ಮೈಸೂರು’ ಎಂಬ ಪದ ಕಂಡದ್ದೇ ತಾರಾಳ ಓದು ನಿಂತುಹೋಯಿತು. ಕಣ್ಣು ತಪ್ಪಿತೇನೋ ಎಂದು ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದಳು. ತಪ್ಪಿರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಯಾವುದೋ ಹಳ್ಳಿಯ ಪಾದ್ರಿ ೧೮೯೯ರಲ್ಲಿ ಥಾಮಸ್ ಪೆಂಗೆಲಿ ಎಂಬ ಕೂಸಿಗೆ ದೀಕ್ಷಾಸ್ನಾನ ಮಾಡಿಸಿ, ಚರ್ಚಿನ ರಿಜಿಸ್ಟರಿನಲ್ಲಿ ತಂದೆಯ ಹೆಸರು ವಿಲಿಯಂ ಎಂದು ಬರೆದು, ಉದ್ಯೋಗದ ಕಲಮಿನಲ್ಲಿ ‘ಗಣಿ ಕ್ಯಾಪ್ಟನ್, ಮೈಸೂರು’ ಎಂದು ಓರೆ ಅಕ್ಷರದಲ್ಲಿ ಸೇರಿಸಿದ್ದ.

“ಯಾಕೆ ನಿಲ್ಲಿಸಿದೆ? ಬರಹ ಕೆಟ್ಟದಾಗಿದೆಯಾ?” ಎಂದರು ಪಕ್ಕದ ಕುರ್ಚಿಯಲ್ಲಿದ್ದ ನೆವಿಲ್ ಪೆಂಗೆಲಿ. ಥಾಮಸ್ ಎಂಬ ಆ ಕೂಸೇ ನೆವಿಲ್‌ರ ತಂದೆ.

ಬರಹ ಚೆನ್ನಾಗಿಯೇ ಇದೆ ಎಂದು ತಾರಾ ಹೇಳಿದಳು. ಹೇಳಿ, ಉಳಿದದ್ದನ್ನು ನಾಳೆ ಓದುತ್ತೇನೆ ಎಂದು ಎದ್ದುಬಿಟ್ಟಳು.

ನ್ಯೂಜಿಲೆಂಡಿನ ನೆಲ್ಸನ್ ಊರಿನ ಆ ವೃದ್ಧಾಶ್ರಮದಲ್ಲಿ ತಾರಾ ನರ್ಸು. ನೆವಿಲ್‌ರ ಹೆಂಡತಿ ಬೆರಿಲ್ ಅವಳ ವಾರ್ಡಿನಲ್ಲಿದ್ದರು. ಅವರಿಗೆ ಮರೆವು ಎಷ್ಟು ಮುಂದುವರಿದಿತ್ತೆಂದರೆ, ಗಂಡನನ್ನೇ ಒಮ್ಮೊಮ್ಮೆ ಹಾಲಿನವನೆಂದು ತಿಳಿದು ನಾಳೆ ಒಂದು ಬಾಟಲಿ ಹೆಚ್ಚು ಹಾಕು ಎನ್ನುತ್ತಿದ್ದರು. ನೆವಿಲ್ ‘ಆಗಲಿ’ ಎನ್ನುತ್ತಿದ್ದರು. ಬದುಕಿಡೀ ಸೇಬಿನ ತೋಟ ಮಾಡಿದ ಎಂಬತ್ತರ ಮುದುಕ. ಈಗ ಎರಡೂ ಕಣ್ಣಿನ ನಡುಭಾಗ ಮಸುಕಾಗಿ ಅಂಚಿನಲ್ಲಷ್ಟೇ ಬೆಳಕು ಉಳಿದಿತ್ತು. ಓದುವುದಿರಲಿ, ಎದುರಿಗೆ ಕೂತವರ ಮುಖವೂ ಅವರಿಗೆ ಕಾಣುತ್ತಿರಲಿಲ್ಲ. ಆದರೂ ಒಂದು ಹಟ ಹಿಡಿದಿದ್ದರು. ಮುಂದಿನ ಈಸ್ಟರ್‌ಗೆ ನ್ಯೂಜಿಲೆಂಡಿನ ಪೆಂಗೆಲಿಗಳೆಲ್ಲ ಒಂದು ಕಡೆ ಸೇರಬೇಕು, ಅಷ್ಟರಲ್ಲಿ ವಂಶದ ಚರಿತ್ರೆ ಪುಸ್ತಕವಾಗಿ ಬರಬೇಕು. ಚರ್ಚುಗಳ ಹಳೆಯ ರಿಜಿಸ್ಟರುಗಳ ಪುಟಗಳು ಕಂಪ್ಯೂಟರಿನಲ್ಲೇ ಸಿಗುತ್ತಿದ್ದವು. ಹುಟ್ಟಿದವರು, ಮದುವೆಯಾದವರು, ಮಣ್ಣಾದವರು ಎಲ್ಲರೂ ಅಲ್ಲಿದ್ದರು. ಓದುವವರು ಮಾತ್ರ ಇರಲಿಲ್ಲ. ಮಗಳು ಹೆಲೆನ್‌ಗೆ ತೋಟದ ಕೆಲಸ. ಪುಸ್ತಕದ ಅಚ್ಚಿನ ಕೆಲಸ ಒಪ್ಪಿಕೊಂಡಿದ್ದಳೇ ಹೊರತು ಆ ಗೀಚಲು ಅಕ್ಷರಗಳ ಎದುರು ಕೂರುವ ತಾಳ್ಮೆ ಅವಳಿಗಿರಲಿಲ್ಲ.

ಹೀಗೆ ಶುರುವಾಗಿತ್ತು ತಾರಾಳ ಓದು. ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಡಾಕ್ಟರುಗಳ ಅಕ್ಷರ ಓದಿದವಳಿಗೆ ಇದೇನು ಮಹಾ ಎಂದು ನಗುತ್ತಲೇ ಕೂತವಳು, ಬರಬರುತ್ತಾ ತಾನೇ ಅದರಲ್ಲಿ ಮುಳುಗಿಹೋದಳು. ಒಂದೇ ಹೆಸರನ್ನು ಒಬ್ಬೊಬ್ಬ ಪಾದ್ರಿ ಒಂದೊಂದು ಥರ ಬರೆಯುತ್ತಿದ್ದ. ಒಂದು ಚಳಿಗಾಲದಲ್ಲಿ ಮೂರು ಮಕ್ಕಳನ್ನು ಮಣ್ಣು ಮಾಡಿದ ತಾಯಿ ಮರುವರ್ಷ ಹುಟ್ಟಿದ ಮಗುವಿಗೆ ಸತ್ತ ಮಗುವಿನ ಹೆಸರನ್ನೇ ಇಟ್ಟಿದ್ದಳು. ೧೭೪೨ರಲ್ಲಿ ಜೇನ್ ಪೆಂಗೆಲಿ ಎಂಬವಳಿಗೆ ಹುಟ್ಟಿದ ಗಂಡುಮಗುವಿನ ಮುಂದೆ ‘ಹಾದರದ ಕೂಸು’ ಎಂದು ಪಾದ್ರಿ ಬರೆದಿದ್ದ. ತಂದೆಯ ಹೆಸರೇ ಇರಲಿಲ್ಲ. ಅದನ್ನು ಓದಿದ ದಿನ ನೆವಿಲ್ ಕೆಮ್ಮು ಬರುವ ತನಕ ನಕ್ಕು, ನಮ್ಮ ಮನೆತನಕ್ಕೂ ಸ್ವಲ್ಪ ಉಪ್ಪುಖಾರ ಬೇಕಲ್ಲ, ಇವನೂ ಪುಸ್ತಕಕ್ಕೆ ಹೋಗಲಿ ಎಂದಿದ್ದರು. ಅವನೂ ಹೋಗಿದ್ದ.

ಇಷ್ಟು ದಿನ ಪೆಂಗೆಲಿ ಎಂದು ಬಾಯಿತುಂಬ ಓದುತ್ತಿದ್ದರೂ ತಾರಾಳಿಗೆ ಏನೂ ಹೊಳೆದಿರಲಿಲ್ಲ. ಮೈಸೂರು ಎಂದು ಓದಿದ ಸಂಜೆ, ಮನೆಗೆ ಕಾರು ಓಡಿಸುತ್ತಾ ಆ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡಳು. ಪೆಂಗೆಲಿ. ಪಿಂಗಳಿ.

ತಾರಾಳ ತಾಯಿ ಸಂತೋಷಮ್ಮ, ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕೋಲಾರದ ಚಿನ್ನದ ಗಣಿಯವಳು. ಸಂತೋಷಮ್ಮನ ಅವ್ವ ರತ್ನಮ್ಮನನ್ನು ಅಲ್ಲಿನ ಕೂಲಿ ಲೈನಿನ ಸಾಲುಮನೆಯವರು ಪಿಂಗಳಿ ರತ್ನಿ ಎಂದು ಕರೆಯುತ್ತಿದ್ದರು. ಅದು ಪ್ರೀತಿಯ ಹೆಸರಲ್ಲ. ಗಣಿಯ ಪಿಂಗಳಿ ದೊರೆಯ ಬಂಗಲೆಯಲ್ಲಿ ಅಡಿಗೆಗಿದ್ದ ಚೆನ್ನಮ್ಮನಿಗೆ ಹುಟ್ಟಿದವಳು ಎಂಬುದನ್ನು ದಿನಾ ನೆನಪು ಮಾಡುವ ಹೆಸರು. ರತ್ನಮ್ಮ ಇನ್ನೂ ತೊಡೆಯ ಮೇಲೆ ಕೂರುವ ಮಗುವಾಗಿದ್ದಾಗ ದೊರೆ ರಜಕ್ಕೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನು ಬಿಟ್ಟುಹೋದದ್ದೆಂದರೆ ಬೂದು ಬಣ್ಣದ ಕಣ್ಣು. ರತ್ನಮ್ಮನಿಂದ ಅದು ಸಂತೋಷಮ್ಮನಿಗೂ ಬಂದಿತ್ತು. ಪಿಂಗಳಿ ಎಂದರೆ ತೆಲುಗಿನ ಯಾವುದೋ ಬಿರುದಿರಬೇಕು ಎಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು.

ಮರುದಿನ ತಾರಾ ನೆವಿಲ್‌ಗೆ ಎಲ್ಲವನ್ನೂ ಹೇಳಿದಳು. ಕೆಲಸಕ್ಕೇ ಕುತ್ತು ತಂದುಕೊಂಡೆನೇನೋ ಎಂದು ಅವಳಿಗೆ ಹೆದರಿಕೆಯಾಯಿತು. ಆಮೇಲೆ ನೆವಿಲ್, ಅಜ್ಜ ಇಂಡಿಯಾದ ಮಾತೆತ್ತಿದರೆ ಅಜ್ಜಿ ಕೋಣೆ ಬಿಟ್ಟು ಎದ್ದು ಹೋಗುತ್ತಿದ್ದಳು ಎಂದು ಅಪ್ಪ ಹೇಳುತ್ತಿದ್ದರು ಎಂದರು. ಕೈಚಾಚಿ ಗಾಳಿಯಲ್ಲಿ ಹುಡುಕಿ ಅವಳ ಮೊಣಕೈ ಹಿಡಿದುಕೊಂಡರು. “ಹಾಗಾದರೆ ನಿನ್ನ ತಾಯಿಯೂ ನಾನೂ ಒಬ್ಬನೇ ಅಜ್ಜನ ಮೊಮ್ಮಕ್ಕಳು. ಅವರನ್ನು ಕರೆಸು. ನಿನ್ನ ಅಜ್ಜಿಯ ಹೆಸರು ಪುಸ್ತಕದಲ್ಲಿರುತ್ತೆ, ಅಜ್ಜನ ಉಳಿದ ನಾಲ್ಕು ಮಕ್ಕಳ ಪಕ್ಕದಲ್ಲೇ.”

ತಾರಾಳ ಗಂಡ ಅಭಯ್‌ಗೆ ಇದೆಲ್ಲ ಹಿಡಿಸಲಿಲ್ಲ. ಬಂದರಿನಲ್ಲಿ ಸೇಬಿನ ಪೆಟ್ಟಿಗೆಗಳನ್ನು ಹಡಗಿಗೆ ಏರಿಸುವ ಕೆಲಸ ಅವನದು, ತೋಟದವರನ್ನೆಲ್ಲ ಬಲ್ಲ. “ಅವರು ಊಟಕ್ಕೆ ಕರೀತಾರೆ, ಮನೆಯವರು ಅಂತ ಕರೆಯಲ್ಲ ಕಣೆ,” ಎಂದ. ತಾರಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣನ ಮನೆಯಲ್ಲಿದ್ದ ತಾಯಿಗೆ ಫೋನ್ ಮಾಡಿ ವೀಸಾದ ಓಡಾಟ ಶುರುಮಾಡಿದಳು.

ಸಂತೋಷಮ್ಮ ಬಂದ ವಾರದಲ್ಲೇ ನೆವಿಲ್ ತಾಯಿ ಮಗಳಿಬ್ಬರನ್ನೂ ತೋಟದ ಮನೆಗೆ ಊಟಕ್ಕೆ ಕರೆಸಿದರು. ಮುದುಕರಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ತಾರಾ ನಡುವೆ ಕೂತು ದಾಟಿಸಿದಳು. ನೆವಿಲ್ ಗಣಿಯ ಬಗ್ಗೆ ಕೇಳಿದರು, ಬಂಗಲೆ ಈಗಲೂ ಇದೆಯೇ ಎಂದರು. ಸಂತೋಷಮ್ಮ, ಮಾಡು ಹೋಗಿದೆ, ಗೋಡೆಯಿದೆ ಎಂದಳು. ಬಡಿಸುತ್ತಿದ್ದ ಹೆಲೆನ್ ಆಗ ಮೊದಲ ಸಲ ಸಂತೋಷಮ್ಮನ ಮುಖವನ್ನು ನೇರ ನೋಡಿದಳು. ಆ ಬೂದು ಕಣ್ಣು ನೋಡಿ, ಅಪ್ಪನ ಕಣ್ಣು ನೋಡಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅದು ಕಾಣಬೇಕಾಗಿದ್ದ ನೆವಿಲ್‌ಗೆ ಕಾಣುವಂತಿರಲಿಲ್ಲ.

ಬೀಳ್ಕೊಡುವಾಗ ಹೆಲೆನ್ ಕಾರಿನ ತನಕ ಬಂದು, ಈ ಸಂಬಂಧಕ್ಕೆ ದಾಖಲೆ ಏನಾದರೂ ಇದೆಯಾ ಎಂದು ತಾರಾಳನ್ನು ಕೇಳಿದಳು. ಇಲ್ಲ, ಆದರೆ ಡಿಎನ್‌ಎ ಪರೀಕ್ಷೆಗೆ ಅಮ್ಮನ ಎಂಜಲು ಕಳಿಸಲು ಸಿದ್ಧ, ನೆವಿಲ್‌ರದ್ದೂ ಕಳಿಸಿದರೆ ತಿಳಿದುಹೋಗುತ್ತದೆ ಎಂದು ತಾರಾ ಹೇಳಿದಳು. ಈ ವಯಸ್ಸಿನಲ್ಲಿ ಅಪ್ಪನಿಗೆ ಅದೆಲ್ಲ ಯಾಕೆ, ನೋಡೋಣ ಎಂದಳು ಹೆಲೆನ್. ಆ ಮಾತು ಅಲ್ಲಿಗೇ ನಿಂತಿತು.

ಈಸ್ಟರ್‌ನ ಶನಿವಾರ ಹಳ್ಳಿಯ ಸಭಾಂಗಣದಲ್ಲಿ ನೂರಕ್ಕೂ ಹೆಚ್ಚು ಪೆಂಗೆಲಿಗಳು ಸೇರಿದ್ದರು. ಸಂತೋಷಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಎರಡು ದಿನ ಕೂತು ಕರಿದ ಕಜ್ಜಾಯದ ಡಬ್ಬಿ ಹಿಡಿದು ಬಂದಳು. ಒಂದು ಗೋಡೆಯ ಉದ್ದಕ್ಕೂ ವಂಶವೃಕ್ಷ ಅಂಟಿಸಿದ್ದರು. ತಾರಾ ಓದಿ ಹೆಕ್ಕಿದ ಹೆಸರುಗಳೆಲ್ಲ ಅಲ್ಲಿದ್ದವು. ಚಳಿಗಾಲದಲ್ಲಿ ಸತ್ತ ಮೂರು ಮಕ್ಕಳಿದ್ದರು; ಜೇನ್‌ಳ ಕೂಸಿನ ಪಕ್ಕ ಒಂದು ತಮಾಷೆಯ ಚಿತ್ರವಿತ್ತು, ಮಕ್ಕಳು ಅದನ್ನು ನೋಡಿ ನಗುತ್ತಿದ್ದರು. ವಿಲಿಯಂನ ಕೆಳಗೆ ಜಾನ್, ಮೇರಿ, ಥಾಮಸ್, ಎಲಿಜಬೆತ್. ಅಷ್ಟೇ. ಮೇಜಿನ ಮೇಲೆ ಪೇರಿಸಿಟ್ಟ ಪುಸ್ತಕಗಳಲ್ಲಿ ಒಂದನ್ನು ತಾರಾ ತೆಗೆದು ನೋಡಿದಳು. ಅಲ್ಲಿಯೂ ನಾಲ್ಕೇ. ಕೊನೆಯ ಪುಟದಲ್ಲಿ, ಬೆರಿಲ್‌ಳನ್ನು ಅಕ್ಕರೆಯಿಂದ ನೋಡಿಕೊಳ್ಳುವ, ಹಳೆಯ ಬರಹ ಓದಿಕೊಟ್ಟ ನರ್ಸ್ ತಾರಾಗೆ ಕೃತಜ್ಞತೆ ಎಂದಿತ್ತು.

ಹೆಲೆನ್ ಅವಳನ್ನು ಅಡಿಗೆ ಕೋಣೆಯ ಬಾಗಿಲಿಗೆ ಕರೆದಳು. “ಅಪ್ಪನಿಗೆ ಗೊತ್ತಿಲ್ಲ. ಹೆಸರು ಇದೆ ಅಂತಲೇ ತಿಳಿದಿದ್ದಾರೆ. ರಿಜಿಸ್ಟರಿನಲ್ಲಿ ಇರೋದನ್ನು ಮಾತ್ರ ಹಾಕಬೇಕು ಅಂತ ಎಲ್ಲರೂ ಹೇಳಿದರು.”

“ಜೇನ್‌ಳ ಮಗು ಇದೆಯಲ್ಲ?”

“ಅದು ರಿಜಿಸ್ಟರಿನಲ್ಲಿದೆ,” ಎಂದಳು ಹೆಲೆನ್.

ಇದ್ದದ್ದು ಹೌದು. ಓದಿದವಳು ತಾರಾಳೇ. ಆ ಹೆಂಗಸಿನ ಕೂಸನ್ನು ಪಾದ್ರಿ ಬಯ್ದಾದರೂ ಬರೆದುಕೊಂಡಿದ್ದ. ರತ್ನಮ್ಮನನ್ನು ಬಯ್ದು ಬರೆಯಲು ಕೂಡ ಯಾರೂ ಪೆನ್ನು ಎತ್ತಿರಲಿಲ್ಲ.

“ನೀನು ನರ್ಸು,” ಎಂದಳು ಹೆಲೆನ್, ದನಿ ತಗ್ಗಿಸಿ. “ಅಪ್ಪನ ಹೃದಯ ಹೇಗಿದೆ ಅಂತ ನನಗಿಂತ ನಿನಗೇ ಗೊತ್ತು. ದಯವಿಟ್ಟು ಇವತ್ತು ಏನೂ ಹೇಳಬೇಡ.”

ತಾರಾ ತಿರುಗಿ ಬರುವಷ್ಟರಲ್ಲಿ ನೆವಿಲ್ ಸಂತೋಷಮ್ಮನ ತೋಳು ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಅವರ ತಾಯಿಯ ಹೆಸರು ಸರಿಯಾಗಿ ಬರೆದಿದ್ದಾರಾ ಅಂತ ನಿನ್ನ ಅಮ್ಮನನ್ನು ಕೇಳು ಎಂದು ತಾರಾಗೆ ಹೇಳಿದರು. ತಾರಾ ಕೇಳಿದಳು. ಸಂತೋಷಮ್ಮ ಮಿಷನ್ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲಳು. ಆ ನಾಲ್ಕು ಹೆಸರನ್ನು ತುಟಿಯಲ್ಲೇ ಓದಿದಳು. ಮಗಳ ಮುಖ ನೋಡಿದಳು. ಆಮೇಲೆ ಕಣ್ಣಿಲ್ಲದ ಮುದುಕನ ಮುಖ ನೋಡಿದಳು.

“ಐತಪ್ಪ,” ಎಂದಳು. “ಚೆಂದಾಗಿ ಬರ್ದವ್ರೆ.”

ನೆವಿಲ್ ಮುಖವರಳಿಸಿ ಅವಳ ಕೈಯನ್ನು ಎರಡೂ ಕೈಯಿಂದ ಒತ್ತಿದರು. ಕಜ್ಜಾಯ ಮಾತ್ರ ಎಲ್ಲರಿಗೂ ಹಿಡಿಸಿತು. ಡಬ್ಬಿ ಬೇಗನೆ ಖಾಲಿಯಾಯಿತು.

ಮನೆಯ ದಾರಿಯಲ್ಲಿ ತಾರಾ ಸ್ಟೇರಿಂಗ್ ಬಿಗಿಹಿಡಿದು, ಅವರು ಮಾಡಿದ್ದಕ್ಕೆ ನೀನ್ಯಾಕಮ್ಮ ಸುಳ್ಳು ಹೇಳಿದೆ ಎಂದು ಕೇಳಿದಳು. ಸಂತೋಷಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

“ಇನ್ನೇನ್ ಮಾಡ್ಲಿ? ಅಷ್ಟು ಜನದ ಮುಂದೆ ನಮ್ಮವ್ವನ ಹುಟ್ಟನ್ನ ಸಂತೇಲಿ ಹರಡ್ಲಾ? ಅವ್ಳು ಬದುಕಿದ್ದಾಗ್ಲೇ ಅದನ್ನ ತಡ್ಕೊಂಡು ಸಾಕಾಗಿತ್ತು.” ಸ್ವಲ್ಪ ದೂರ ಹೋದ ಮೇಲೆ, “ಆ ಮುದುಕಪ್ಪನಿಗೆ ನೀನೂ ಹೇಳ್‌ಬ್ಯಾಡ,” ಎಂದಳು.

ವೀಸಾ ಇನ್ನೂ ಇದ್ದರೂ ಸಂತೋಷಮ್ಮ ಮುಂದಿನ ವಾರವೇ ಹೊರಟಳು. ಚಳಿ ಆಗಲ್ಲ ಎಂದಳು.

ತಾರಾ ತಾಯಿಯನ್ನು ವಿಮಾನ ಹತ್ತಿಸಿ ಬಂದ ಮರುದಿನ ನೆವಿಲ್ ಪುಸ್ತಕ ಹಿಡಿದು ವಾರ್ಡಿಗೆ ಬಂದರು. ಹೆಲೆನ್‌ಗೆ ಓದಿ ಹೇಳಲು ಪುರುಸೊತ್ತೇ ಇಲ್ಲ, ಅಜ್ಜನ ಪುಟ ಒಂದನ್ನಾದರೂ ಓದು, ಬೆರಿಲ್‌ಳೂ ಕೇಳಲಿ ಎಂದರು. ಪುಸ್ತಕವನ್ನು ಅವಳ ಕೈಗಿಟ್ಟು, ಕೇಳಲು ಅಣಿಯಾಗಿ ಕೋಟಿನ ಗುಂಡಿ ಬಿಚ್ಚಿ ಕೂತರು.

ತಾರಾ ಪುಟ ತೆರೆದಳು. ನಾಲ್ಕು ಹೆಸರಿನ ಆಚೆ ಐದನೆಯದನ್ನು ತಾನೇ ಸೇರಿಸಿ ಓದಿಬಿಡಬಹುದಿತ್ತು. ಒಂದೇ ಒಂದು ಸಾಲು. ಇವರು ಬದುಕಿರುವಷ್ಟು ದಿನ ಅದು ಪುಸ್ತಕದಲ್ಲಿದ್ದಂತೆಯೇ. ಅಮ್ಮನ ಮಾತು ನೆನಪಿತ್ತು. ನೆವಿಲ್‌ರ ನಾಡಿಯನ್ನು ದಿನಾ ನೋಡುತ್ತಿದ್ದವಳಲ್ಲದಿದ್ದರೂ ಅವರ ಹೃದಯ ಎಷ್ಟು ದುರ್ಬಲವೆಂದು ಬಲ್ಲಳು. ಒಂದು ವರ್ಷದಿಂದ ಇವರಿಗೆ ಅವಳು ಒಂದಕ್ಷರ ಹೆಚ್ಚೂ ಓದಿರಲಿಲ್ಲ, ಕಡಿಮೆಯೂ ಓದಿರಲಿಲ್ಲ.

“ವಿಲಿಯಂ ಪೆಂಗೆಲಿ, ಗಣಿ ಕ್ಯಾಪ್ಟನ್,” ಎಂದು ಶುರುಮಾಡಿದಳು. ಹುಟ್ಟಿದ್ದು, ಮದುವೆಯಾದದ್ದು, ಇಂಡಿಯಾಕ್ಕೆ ಹೋದದ್ದು, ಬಂದದ್ದು. “ಮಕ್ಕಳು: ಜಾನ್, ಮೇರಿ, ಥಾಮಸ್, ಎಲಿಜಬೆತ್.”

ನೆವಿಲ್ ತಲೆಯಾಡಿಸುತ್ತಾ ಕಾದರು. “ಹೂಂ?”

“ಅಷ್ಟೇ,” ಎಂದಳು ತಾರಾ.

“ಇನ್ನೊಂದು ಸಲ ಓದು.”

ಅವಳು ಇನ್ನೊಂದು ಸಲ ಓದಿದಳು, ಮೊದಲಿಗಿಂತ ನಿಧಾನವಾಗಿ. ಬೆರಿಲ್ ಹಾಸಿಗೆಯಿಂದ, ಹಾಲು ಬಂತಾ ಎಂದು ಕೇಳಿದರು. ನೆವಿಲ್‌ರ ಕತ್ತು ಕೆಂಪಗಾಗಿ, ಮೆಲ್ಲಗೆ ಬಣ್ಣವೆಲ್ಲ ಇಳಿದುಹೋಯಿತು. ಅವತ್ತು ಸಭಾಂಗಣದಲ್ಲಿ ನಿನ್ನ ತಾಯಿ, ಎಂದು ಏನೋ ಕೇಳಹೊರಟು ಅಲ್ಲಿಗೇ ನಿಲ್ಲಿಸಿದರು. ತಾರಾಳಿಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ.

ಆಚೆ ಕೋಣೆಯಲ್ಲಿ ಯಾರೋ ಬೆಲ್ ಒತ್ತಿದರು. ಅವಳು ಪುಸ್ತಕವನ್ನು ಮುಚ್ಚಿ ಅವರ ತೊಡೆಯ ಮೇಲಿಟ್ಟು ಎದ್ದಳು. ನೀರು ಕುಡಿಸಿ, ದಿಂಬು ಸರಿಮಾಡಿ, ಕಾರಿಡಾರಿನಲ್ಲಿ ತಿರುಗಿ ಬರುವಾಗ ಬೆರಿಲ್‌ರ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ನೆವಿಲ್ ಅವಳು ಎದ್ದುಹೋದ ಕುರ್ಚಿಯ ಕಡೆಗೇ ಮುಖಮಾಡಿ, ಕತ್ತು ತುಸು ಓರೆಮಾಡಿ, ಮುಂದಿನ ಹೆಸರನ್ನು ಕೇಳಿಸಿಕೊಳ್ಳುವವರಂತೆ ಕೂತಿದ್ದರು.