ಮುರಿಯದೆ ಉಳಿದ ಪಿನ್ನು

ಬಾಗಿಲು ತಟ್ಟಿದ ಸದ್ದಿಗೆ ಮೊದಲು ಎಚ್ಚರವಾದದ್ದು ರಮಾಮಣಿಯವರಿಗೆ. ಮತ್ತೊಮ್ಮೆ ತಟ್ಟಿದಾಗ ಹಿರಿಯ ಮಗ ಪಟ್ಟಾಭಿರಾಮ ಶಾಲು ಹೊದ್ದು ಬಂದು ಚಿಲಕ ತೆಗೆದ. ಹೊರಗೆ, ಡಿಸೆಂಬರಿನ ಚಳಿಯಲ್ಲಿ, ಮಿಲ್ಲಿನ ಕಾವಲುಗಾರ ಸೈಕಲ್ ಹಿಡಿದು ನಿಂತಿದ್ದ.

“ಚಾಲೋ, ಸಾಹೇಬ್.”

“ಏನಾಯಿತು?”

“ಚಾಲೋ” ಎಂದನೇ ಹೊರತು ಬೇರೆ ಮಾತಿಲ್ಲ.

ಅಹಮದಾಬಾದಿನ ಮಣಿನಗರದ ರೈಲು ಹಳಿ ದಾಟಿ ಮಿಲ್ಲುಗಳ ರಸ್ತೆಗೆ ತಿರುಗಿದಾಗ ಪಟ್ಟಾಭಿರಾಮನಿಗೆ ಯಾರೂ ಹೇಳಬೇಕಾಗಲಿಲ್ಲ. ಹಗಲೂ ರಾತ್ರಿ ನಡೆಯುವ ಅವರ ಮಿಲ್ಲಿನ ಚಿಮಣಿ ಹೊಗೆಯಿಲ್ಲದೆ ನೆಟ್ಟಗೆ ನಿಂತಿತ್ತು. ಹೊಗೆಯಿಲ್ಲವೆಂದರೆ ಬೆಂಕಿಯಿಲ್ಲ, ಬೆಂಕಿಯಿಲ್ಲವೆಂದರೆ ಆವಿಯಿಲ್ಲ, ಆವಿಯಿಲ್ಲದ ಬಟ್ಟೆ ಮಿಲ್ಲಿನಲ್ಲಿ ಬಣ್ಣದ ತೊಟ್ಟಿಯಿಂದ ಗಂಜಿ ಹಾಕುವ ಯಂತ್ರದವರೆಗೆ ಎಲ್ಲವೂ ನಿಂತ ಹಾಗೆಯೇ. ಆ ಮಿಲ್ಲಿನ ಬಾಯ್ಲರ್ ಎಂಜಿನಿಯರ್ ಅವನೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತು ಅಹಮದಾಬಾದಿಗೆ ಬಂದಿದ್ದ ಪಟ್ಟಾಭಿರಾಮ ಹಿಂದಿನ ವರ್ಷ ಮಾಲೀಕ ಶೇಠರ ಬೆನ್ನು ಬಿದ್ದು ಒಂದು ಸ್ಟೋಕರ್ ಹಾಕಿಸಿದ್ದ. ಅದುವರೆಗೆ ಮನುಷ್ಯರು ಬೆವರು ಸುರಿಸಿ, ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಕುಲುಮೆಯ ಬಾಯಿಗೆ ಎಸೆಯುತ್ತಿದ್ದರು. ಈಗ ಮೇಲಿನ ಡಬ್ಬಿಗೆ ಕಲ್ಲಿದ್ದಲು ಸುರಿದರೆ ಸಾಕು. ಅದರ ಅಡಿಯಲ್ಲಿ ತಿರುಗುವ ದಪ್ಪ ಉಕ್ಕಿನ ತಿರುಪು, ಮಗುವಿಗೆ ತುತ್ತು ಕೊಟ್ಟ ಹಾಗೆ, ಹದವಾಗಿ ಬೆಂಕಿಯ ಅಡಿಗೆ ಅದನ್ನು ನೂಕುತ್ತಿತ್ತು. ಸಲಿಕೆ ಹಿಡಿದಿದ್ದವರನ್ನು ಕಲ್ಲಿದ್ದಲು ಅಂಗಳಕ್ಕೆ ಕಳುಹಿಸಲಾಯಿತು. ಅವರ ಮುಖಂಡ ಭೀಖಾಭಾಈ ಒಬ್ಬನೇ ಬಾಯ್ಲರಿನ ಬಳಿ ಉಳಿದ.

ಪಟ್ಟಾಭಿರಾಮ ಒಳಗೆ ಕಾಲಿಟ್ಟಾಗ ಸ್ಟೋಕರಿನ ಗೇರ್ ಪೆಟ್ಟಿಗೆ ಎರಡು ಹೋಳಾಗಿತ್ತು. ನೆಲದ ತುಂಬ ಎಣ್ಣೆ. ಭೀಖಾಭಾಈ ಗೋಡೆಗೆ ಒರಗಿ ನಿಂತಿದ್ದ. ಮ್ಯಾನೇಜರ್ ರಸಿಕಲಾಲ್ ಪೈಜಾಮದ ಮೇಲೆಯೇ ಕೋಟು ತೊಟ್ಟು ಬಂದಿದ್ದರು.

ಕಾರಣ ಕಾಣಲು ತಡವಾಗಲಿಲ್ಲ. ತಿರುಪಿನ ನಡುವೆ ಗೂಡ್ಸ್ ಗಾಡಿಯ ಬ್ರೇಕಿನ ಕಬ್ಬಿಣದ ತುಂಡೊಂದು ಸಿಕ್ಕಿಕೊಂಡಿತ್ತು. ಅದೇನೂ ಹೊಸತಲ್ಲ. ಬಿಹಾರದಿಂದ ಬರುವ ಕಲ್ಲಿದ್ದಲಿನ ಜೊತೆ ಬೋಲ್ಟು, ಸರಪಳಿ, ಒಮ್ಮೆ ಯಾರದೋ ಹಿತ್ತಾಳೆಯ ಲೋಟ ಕೂಡ ಬಂದಿತ್ತು. ಅಂಥದ್ದಕ್ಕಾಗಿಯೇ ತಿರುಪಿಗೂ ಗೇರಿಗೂ ನಡುವೆ ಒಂದು ಮೆದು ಉಕ್ಕಿನ ಪಿನ್ನು ಇರುತ್ತದೆ. ತಿರುಪಿಗೆ ಏನಾದರೂ ಅಡ್ಡ ಸಿಕ್ಕರೆ ಆ ಪಿನ್ನು ತುಂಡಾಗಬೇಕು, ಯಂತ್ರ ಉಳಿಯಬೇಕು. ಅದು ಮುರಿಯಲೆಂದೇ ಮಾಡಿದ ಪಿನ್ನು.

ಇಲ್ಲಿ ಯಂತ್ರ ಮುರಿದಿತ್ತು, ಪಿನ್ನು ಗಟ್ಟಿಯಾಗಿ ಕೂತಿತ್ತು.

ಪಟ್ಟಾಭಿರಾಮ ಅದನ್ನು ಹೊಡೆದು ಹೊರತೆಗೆದು, ಜೇಬಿನ ಅರದಿಂದ ಒಮ್ಮೆ ಉಜ್ಜಿದ. ಮೆದು ಉಕ್ಕಾಗಿದ್ದರೆ ಅರ ಕಚ್ಚಬೇಕಿತ್ತು, ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಅವನ ಬಾಯಿಂದ ಮಾತು ತಾನಾಗಿ ಹೊರಬಿತ್ತು: “ಇದು ಇಲ್ಲಿಯ ಪಿನ್ನಲ್ಲ. ಇದು ಕಲ್ಲಿದ್ದಲು ಎತ್ತುವ ಬುಟ್ಟಿ ಸರಪಳಿಯದು, ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು. ಯಾರೋ ಬದಲಾಯಿಸಿದ್ದಾರೆ.”

ಆ ಕೊನೆಯ ಮಾತನ್ನು ಆಡಬಾರದಿತ್ತು ಎಂದು ಮರುಕ್ಷಣವೇ ಅವನಿಗೆ ಅನ್ನಿಸಿತು. ರಸಿಕಲಾಲ್ ಭೀಖಾಭಾಈಯ ಕಡೆ ತಿರುಗಿಯಾಗಿತ್ತು.

“ಕಳೆದ ವಾರ ಪಿನ್ನು ಹಾಕಿದವನು ಯಾರು?”

“ನಾನೇ, ಸಾಹೇಬ್. ಪಟ್ಟಾಭಿ ಸಾಹೇಬರು ಕೈಗೆ ಕೊಟ್ಟದ್ದನ್ನೇ ಹಾಕಿದೆ.”

“ನೀವು ಕೊಟ್ಟದ್ದು ಇದೇನಾ, ಪಟ್ಟಾಭಿ ಭಾಈ?”

ಎರಡೂ ಬಗೆಯ ಪಿನ್ನುಗಳ ಅಳತೆ ಒಂದೇ. ಅದಕ್ಕಾಗಿಯೇ ಮೆದು ಪಿನ್ನುಗಳ ತುದಿಗೆ ಕೆಂಪು ಬಣ್ಣ ಬಳಿದು, ಎರಡೂ ಬಗೆಯವನ್ನು ಒಂದೇ ಡಬ್ಬಿಯಲ್ಲಿ ಹಾಕಿ, ತನ್ನ ಸ್ವಂತ ಉಪಕರಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಿದ್ದವನು ಪಟ್ಟಾಭಿರಾಮ. ಕಳೆದ ವಾರ ಆ ಸಂಜೆ ಮಸಿ ಹಿಡಿದ ಬಲ್ಬಿನ ಕೆಳಗೆ ಪೆಟ್ಟಿಗೆ ತೆರೆದು, ಕೆಂಪು ತುದಿ ನೋಡಿಯೇ ಕೊಟ್ಟಿದ್ದ. ಅದು ಚೆನ್ನಾಗಿ ನೆನಪಿತ್ತು.

“ನಾನು ಕೊಟ್ಟದ್ದು ಕೆಂಪು ತುದಿಯದು” ಎಂದ. ಸತ್ಯವನ್ನೇ ಹೇಳಿದ್ದ. ಆ ಸತ್ಯ ಭೀಖಾಭಾಈಯ ಕೊರಳಿಗೆ ಸುತ್ತಿಕೊಂಡಿತು.

“ಮುಗಿಯಿತಲ್ಲ!” ರಸಿಕಲಾಲ್ ಕೈ ಝಾಡಿಸಿದರು. “ಹೊಸ ಗೇರ್ ಪೆಟ್ಟಿಗೆ ಕಲಕತ್ತೆಯಿಂದ ಬರುವವರೆಗೆ ಬೆಂಕಿ ಹಾಕುವವರು ಯಾರು? ಮತ್ತೆ ಇವನ ಸಲಿಕೆಯ ಪಡೆ. ಚಹಾ ಅಂಗಡಿಯಲ್ಲಿ ಇವನು ಏನು ಹೇಳಿದ್ದ ಗೊತ್ತೇ? ಈ ರಾಕ್ಷಸನ ಹೊಟ್ಟೆ ಒಂದು ದಿನ ಒಡೆಯುತ್ತದೆ ಅಂತ.”

“ಚಹಾ ಕುಡಿಯುತ್ತಾ ನಿಮ್ಮ ಬಗ್ಗೆಯೂ ಬಹಳ ಹೇಳಿದ್ದೇನೆ, ಸಾಹೇಬ್” ಎಂದ ಭೀಖಾಭಾಈ. “ನಿಮ್ಮ ಹೊಟ್ಟೆ ಒಡೆದಿದೆಯೇ?”

ಯಾರೂ ನಗಲಿಲ್ಲ. ಶೇಠರು ಸೂರತ್ತಿಗೆ ಹೋಗಿದ್ದರು, ಸಂಜೆಯ ಗಾಡಿಗೆ ಬರುವವರಿದ್ದರು. ಅವರು ಬರುವ ಹೊತ್ತಿಗೆ ಭೀಖಾಭಾಈಯನ್ನು ಕೆಲಸದಿಂದ ತೆಗೆದ ಆಜ್ಞೆ ಮೇಜಿನ ಮೇಲಿರಬೇಕು, ಆಮೇಲೆ ಪೊಲೀಸು ಎಂದು ರಸಿಕಲಾಲ್ ತೀರ್ಮಾನಿಸಿದರು. ಮಿಲ್ಲಿನ ಚಾಳಿನ, ಅಂದರೆ ಕಾರ್ಮಿಕರ ವಠಾರದ, ಒಂದು ಕೋಣೆಯಲ್ಲಿ ಸಂಸಾರ ಇಟ್ಟವನಿಗೆ ಕೆಲಸ ಹೋದರೆ ಸೂರೂ ಹೋಯಿತು.

ಬೆಳಗಾಗುತ್ತಲೇ ಸಲಿಕೆಯವರು ಒಳಗೆ ಬಂದರು. ಪಟ್ಟಾಭಿರಾಮ ನಿದ್ದೆಗೆಟ್ಟ ಕಣ್ಣಿನಲ್ಲಿ ಅವರ ಕೆಲಸ ನೋಡುತ್ತ ನಿಂತ. ಭೀಖಾಭಾಈ ಅಪರಾಧಿಯೆಂದು ಅವನ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಕಾರಣ ಕನಿಕರವಲ್ಲ, ಲೆಕ್ಕ. ಗಟ್ಟಿ ಪಿನ್ನು ಹಾಕಿ ದಿನಗಟ್ಟಲೆ ಕಬ್ಬಿಣ ಬೀಳಲೆಂದು ಕಾಯುವ ಪಾಪಿ ಇರುತ್ತಾನೆಯೆ? ಯಂತ್ರ ಕೆಡಿಸಬೇಕೆಂದಿದ್ದರೆ ಗೇರ್ ಪೆಟ್ಟಿಗೆಗೆ ಒಂದು ಹಿಡಿ ಮರಳು ಸಾಕಿತ್ತು. ಆದರೆ ಅನುಮಾನವನ್ನು ಶೇಠರ ಮುಂದೆ ಇಡಲಾಗದು. ಅವರು ಕೇಳುವುದು ಹೆಸರನ್ನು.

ಗಟ್ಟಿ ಪಿನ್ನು ಎಲ್ಲಿಂದ ಬಂತು? ಅಂಥ ಪಿನ್ನುಗಳನ್ನು ತಯಾರಿಸುತ್ತಿದ್ದದ್ದು ಮಿಲ್ಲಿನ ಯಂತ್ರಶಾಲೆ. ಲೇತ್ ಯಂತ್ರದ ಮುಂದೆ ನಿಂತು ಅವನ್ನು ಕಡೆಯುತ್ತಿದ್ದವನು ಹಯವದನ, ಪಟ್ಟಾಭಿರಾಮನ ಸ್ವಂತ ತಮ್ಮ. ಅಣ್ಣನ ಶಿಫಾರಸಿನಿಂದ ಸೇರಿದವನು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಯಾರಾದರೂ ನಿನ್ನ ಹತ್ತಿರ ಸರಪಳಿಯ ಪಿನ್ನು ಇಸಕೊಂಡರೇನೋ?”

ಹಯವದನ ಲೇತ್ ನಿಲ್ಲಿಸಿದ. “ಇಲ್ಲಣ್ಣ. ಮಾಡಿದ್ದೆಲ್ಲ ನಿನ್ನ ಪೆಟ್ಟಿಗೆಗೇ ಬಂದಿದೆ. ಯಾಕೆ, ಊರೆಲ್ಲ ಬಿಟ್ಟು ನನ್ನ ಬುಡಕ್ಕೆ ಬಂದೆಯಾ?”

“ಎಲ್ಲರ ಬುಡಕ್ಕೂ ಹೋಗುತ್ತಿದ್ದೇನೆ.”

“ಹಾಗಾದರೆ ನಿನ್ನ ಬುಡವನ್ನೂ ಒಮ್ಮೆ ನೋಡಿಕೋ” ಎಂದು ತಮ್ಮ ನಕ್ಕ. ನಗು ಪೂರ್ತಿ ಅರಳಲಿಲ್ಲ.

ಪಟ್ಟಾಭಿರಾಮ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪೆಟ್ಟಿಗೆಯ ಬೀಗ ತೆಗೆದ. ತಗಡಿನ ಡಬ್ಬಿಯಲ್ಲಿದ್ದ ಪಿನ್ನುಗಳನ್ನು ಮೇಜಿನ ಮೇಲೆ ಸುರಿದ. ಕಿಟಕಿಯಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ಕೆಂಪು ತುದಿ. ಮತ್ತೊಂದು ಕೆಂಪು ತುದಿ. ಎಲ್ಲವೂ ಕೆಂಪು ತುದಿ.

ಒಳ್ಳೆಯದಾಯಿತು ಎಂದುಕೊಂಡವನ ಕೈ ಅಲ್ಲಿಯೇ ನಿಂತಿತು. ಎಲ್ಲವೂ ಹೇಗೆ ಕೆಂಪಾದೀತು? ಬಣ್ಣವಿಲ್ಲದ ಸರಪಳಿ ಪಿನ್ನುಗಳು ಎಲ್ಲಿ ಹೋದವು?

ಒಂದನ್ನು ಎತ್ತಿ ಹೆಬ್ಬೆರಳಿನಿಂದ ತಿಕ್ಕಿದ. ಕೆಂಪು ಬೆರಳಿಗೆ ಹತ್ತಿತು. ಬಣ್ಣದಂಗಡಿಯ ಬಣ್ಣ ಒಣಗಿದ ಮೇಲೆ ಹೀಗೆ ಕೈಗೆ ಹತ್ತುವುದಿಲ್ಲ. ಮೂಸಿ ನೋಡಿದ. ಕೊಬ್ಬರಿ ಎಣ್ಣೆ, ಅದರ ಹಿಂದೆ ಸಣ್ಣಗೆ ಅರಿಶಿನ. ಎಣ್ಣೆಯಲ್ಲಿ ಕಲಸಿದ ಕುಂಕುಮ! ಅರ ತೆಗೆದುಕೊಂಡು ಒಂದೊಂದನ್ನೇ ಉಜ್ಜಿದ. ಕೆಲವು ಕಚ್ಚಿದವು, ಕೆಲವು ಜಾರಿದವು. ಮೆದುವೂ ಗಟ್ಟಿಯೂ, ಒಂದೇ ತಾಯಿಯ ಮಕ್ಕಳ ಹಾಗೆ, ಒಂದೇ ಬೊಟ್ಟು ಇಟ್ಟುಕೊಂಡು ಮಲಗಿದ್ದವು.

ಭದ್ರಾವತಿಯಲ್ಲಿ ಕೆಲಸಕ್ಕೆ ಸೇರಿದ ವರ್ಷದಿಂದ ಆಯುಧಪೂಜೆಗೆ ಪಟ್ಟಾಭಿರಾಮ ಪೆಟ್ಟಿಗೆಯನ್ನು ಮನೆಗೆ ಒಯ್ಯುತ್ತಿದ್ದ. ಸ್ಪ್ಯಾನರು, ಸುತ್ತಿಗೆ, ಅರ, ಅಳತೆಗೋಲು, ಎಲ್ಲವನ್ನೂ ದೇವರ ಮುಂದೆ ಜೋಡಿಸಿ ಪೂಜೆ ಮಾಡಿಸಿ ಮರಳಿ ತರುವುದು ವಾಡಿಕೆ. ಈ ಸಲದ ದಸರೆಯಿಂದ ಈಚೆಗೆ, ಕಲ್ಲಿದ್ದಲು ಚೆನ್ನಾಗಿದ್ದುದರಿಂದ, ಕಳೆದ ವಾರದವರೆಗೆ ಒಂದು ಪಿನ್ನೂ ಮುರಿದಿರಲಿಲ್ಲ, ಡಬ್ಬಿ ತೆರೆದಿರಲಿಲ್ಲ.

ಭೀಖಾಭಾಈ ಏನನ್ನೂ ಬದಲಾಯಿಸಿರಲಿಲ್ಲ. ಪಟ್ಟಾಭಿರಾಮನೇ ಗಟ್ಟಿ ಪಿನ್ನನ್ನು ಅವನ ಅಂಗೈಯಲ್ಲಿ ಇಟ್ಟಿದ್ದ. ಆದರೆ ಹೋದ ದಸರೆಯಲ್ಲಿ ಅಳಿಯದ ಗುರುತು ಈ ಸಲ ಯಾರ ಕೈಯಲ್ಲಿ ಅಳಿಯಿತು?

ಮಧ್ಯಾಹ್ನದ ಊಟದ ಹೊತ್ತಿಗೆ ಸೈಕಲ್ ತುಳಿದು ಮನೆ ಸೇರಿದ. ಹೆಂಡತಿ ಶಾಂತಾ ದಸರೆಗೆ ಮೊದಲೇ ಹೆರಿಗೆಗೆಂದು ದಾವಣಗೆರೆಗೆ ಹೋಗಿದ್ದಳು; ಮನೆಯಲ್ಲಿ ತಾಯಿಯದೇ ಆಡಳಿತ. ಹಯವದನ ಆಗಲೇ ತಟ್ಟೆಯ ಮುಂದೆ ಕೂತಿದ್ದ.

“ಅಮ್ಮ, ಆಯುಧಪೂಜೆಯ ದಿನ ನನ್ನ ಪೆಟ್ಟಿಗೆಯೊಳಗಿನ ಡಬ್ಬಿ ಮುಟ್ಟಿದೆಯಾ?”

“ಮುಟ್ಟದೆ ಪೂಜೆ ಹ್ಯಾಗೋ ಮಾಡೋದು?” ರಮಾಮಣಿಯವರು ಸೌಟು ಎತ್ತಿ ಹಿಡಿದೇ ಕೇಳಿದರು. “ಪ್ರತಿ ವರ್ಷ ಶಾಂತಾ ಮೇಲೆ ಮೇಲೆ ಒರೆಸಿ ಇಡ್ತಿದ್ದಳು. ಈ ಸಲ ಅವಳಿರಲಿಲ್ಲ. ನಾನು ಡಬ್ಬಿ ತೆಗೆದರೆ ಒಳಗೆ ಆ ಮೊಳೆಗಳು ಜಿಡ್ಡು, ಮಸಿ, ಅರ್ಧಕ್ಕೆ ಎಂಥದೋ ಕೆಂಪು. ಚಾಮುಂಡಿ ಮುಂದೆ ಅಂಥದ್ದು ಇಡ್ತಾರೇನೋ? ಹುಣಿಸೆಹಣ್ಣು ಬೂದಿ ಹಾಕಿ ತಿಕ್ಕಿದೆ ನೋಡು, ಬೆಳ್ಳಿ ಹಾಗೆ ಬಂತು! ಕುಂಕುಮ ಉದುರಬಾರದು ಅಂತ ಎಣ್ಣೇಲಿ ಕಲಸಿ ಒಂದೊಂದಕ್ಕೂ ಬೊಟ್ಟಿಟ್ಟೆ. ಸೊಂಟ ಬಿದ್ದುಹೋಯ್ತು.”

“ಆ ಕೆಂಪು ಗುರುತಮ್ಮ, ಗುರುತು! ಅದು ಹೋಗಿದ್ದಕ್ಕೆ ಯಂತ್ರ ಒಡೆದಿದೆ. ಒಬ್ಬ ಮನುಷ್ಯ ಸಂಜೆಗೆ ಬೀದಿಗೆ ಬೀಳ್ತಾನೆ.”

ರಮಾಮಣಿಯವರ ಮುಖ ಸಣ್ಣದಾಯಿತು. ಸೌಟನ್ನು ಪಾತ್ರೆಯೊಳಗೆ ಇಳಿಸಿದರು. ನಿಧಾನವಾಗಿ ಹೇಳಿದರು:

“ಕೇಳದೆ ತಿಕ್ಕಿಲ್ಲ ಕಣೋ. ಪಡಸಾಲೇಲಿ ಇಬ್ಬರೂ ಕೂತಿದ್ರಲ್ಲ, ಒಬ್ಬ ರೇಡಿಯೋ ತಿರುವುತ್ತಾ, ಒಬ್ಬ ಪೇಪರು ಹರಡಿಕೊಂಡು. ಬಾಗಿಲಿಗೆ ಬಂದು ಕೇಳಿದೆ, ಈ ಕೆಂಪು ಹೋಗಿಬಿಡತ್ತೆ, ಪರವಾಗಿಲ್ವಾ ಅಂತ. ‘ಹೂಂ, ತಿಕ್ಕು’ ಅಂದದ್ದಕ್ಕೇ ತಿಕ್ಕಿದ್ದು.”

“ಯಾರಮ್ಮ ಹೂಂ ಅಂದದ್ದು?”

ಹಯವದನನ ಕೈಯ ತುತ್ತು ತಟ್ಟೆಗೆ ಇಳಿಯಿತು. ರಮಾಮಣಿಯವರು ಗದ್ದ ಎತ್ತಿ ಒಬ್ಬನ ಕಡೆ ತೋರಿಸಿದರು.

ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಣ್ಣ, ಅಮ್ಮನಿಗೆ ಗೊತ್ತಾಗಲಿಲ್ಲ ಅಂತ ಹೇಳಿದರೆ ಆಗಲ್ವಾ?” ಎಂದ ಹಯವದನ. “ಅರವತ್ತು ದಾಟಿದ ಮುದುಕಿ ಮೇಲೆ ಶೇಠ್ ಏನು ಮಾಡ್ತಾನೆ? ನಕ್ಕು ಬಿಡ್ತಾನೆ. ಯಾರ ಕೆಲಸಾನೂ ಹೋಗಲ್ಲ.”

“ಹೇಳೋ, ನನ್ನ ಹೆಸರೇ ಹೇಳು” ಎಂದರು ತಾಯಿ. “ನನಗೇನು ಅವನು ಸಂಬಳ ಕೊಡ್ತಾನಾ, ನಿಲ್ಲಿಸೋಕೆ?”

ಪಟ್ಟಾಭಿರಾಮ ಹೊರಗೆ ನಡೆದ. ಬಡಿಸಿದ ತಟ್ಟೆಯನ್ನು ಮುಟ್ಟದೆ ಸೈಕಲ್ ಹತ್ತಿದ.

ರಸಿಕಲಾಲರ ಕೋಣೆಯ ಹೊರಗೆ ಭೀಖಾಭಾಈ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ತಲೆಯ ಮೇಲಿನ ಸೆರಗನ್ನು ಮುಖದವರೆಗೆ ಎಳೆದುಕೊಂಡಿದ್ದಳು. ಪಟ್ಟಾಭಿರಾಮ ಅವರನ್ನು ದಾಟಿ ಒಳಗೆ ಹೋಗಿ, ಪಿನ್ನುಗಳನ್ನೂ ಅರವನ್ನೂ ಮೇಜಿನ ಮೇಲೆ ಇಟ್ಟ. ಉಜ್ಜಿ ತೋರಿಸಿದ. ಕುಂಕುಮ ಹತ್ತಿದ ಬೆರಳನ್ನು ತೋರಿಸಿದ. ಕೇಳುತ್ತ ಕೇಳುತ್ತ ಮ್ಯಾನೇಜರರ ಹುಬ್ಬು ಮೇಲೇರಿತು, ಆಮೇಲೆ ನಗುವಿಗೆ ಹೊಟ್ಟೆ ಕುಲುಕಿತು.

“ನಾವೂ ದಸರೆಗೆ ಯಂತ್ರಕ್ಕೆ ಹೂ ಹಾಕುತ್ತೇವೆ ಭಾಈ, ಆದರೆ ಹುಣಿಸೆಹಣ್ಣಿನಲ್ಲಿ ಸ್ನಾನ ಮಾಡಿಸುವುದಿಲ್ಲ! ಈಗ ನಿಮ್ಮ ಮಾತಾಜಿಯನ್ನು ಡಿಸ್ಮಿಸ್ ಮಾಡಲೇ?”

“ಭೀಖಾಭಾಈಯ ಆಜ್ಞೆಯನ್ನು ಮೊದಲು ಹರಿಯಿರಿ.”

ರಸಿಕಲಾಲ್ ಟೈಪು ಮಾಡಿದ ಹಾಳೆಯನ್ನು ಎರಡಾಗಿ ಹರಿದರು. ಬಳಿಕ ನಗು ಮಾಯವಾಯಿತು. “ಆದರೆ ಶೇಠರು ಗಾಡಿ ಇಳಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ಮುದುಕಿಯ ಹೆಸರು ಹೇಳೋಣ. ಅವರಿಗೂ ತಾಯಿ ಇದ್ದಾರೆ, ಬಿಟ್ಟುಬಿಡುತ್ತಾರೆ.”

“ಅಮ್ಮ ಕೇಳಿಯೇ ತಿಕ್ಕಿದ್ದು. ಗುರುತಿನ ಅರ್ಥ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು, ತಲೆ ಎತ್ತಿ ನೋಡದೆ, ಹೂಂ ಅಂದ.”

ಮ್ಯಾನೇಜರರು ಪೆನ್ನಿನ ಮುಚ್ಚಳ ತೆಗೆದರು. “ಓಹೋ. ಲೇತಿನ ಹುಡುಗನೇ? ಕಾಯಂ ಆಗಬೇಕಾದವನು, ಪಾಪ. ಯೋಚಿಸಿ ಹೇಳಿ, ಪಟ್ಟಾಭಿ ಭಾಈ. ಒಮ್ಮೆ ಬರೆದರೆ ನಾನು ಅಳಿಸುವವನಲ್ಲ. ತಪ್ಪಿತಸ್ಥನ ಹೆಸರು?”

“ಹೂಂ ಅಂದವನು ನಾನೇ. ಬರೆಯಿರಿ, ಪಟ್ಟಾಭಿರಾಮ.”