ಕತ್ತಿಪೇಟೆಯ ಮರ್ಯಾದಸ್ಥರು

"ಬಾಗಿಲಲ್ಲೇ ನಿಂತ್ಕಳೇ ಮುಂಡೆ. ಒಂದು ಹೆಜ್ಜೆ ಮುಂದಿಟ್ರೆ ಕಾಲು ಮುರೀತೀನಿ."

ಸಬ್ ಇನ್ಸ್‌ಪೆಕ್ಟರ್ ಗುರುಶಾಂತಪ್ಪ ಹಾಗೆ ಗದರಿದ್ದು ಮೇಜಿನ ಆಚೆ ಬದಿಯಿಂದ. ಚೆನ್ನು ಠಾಣೆಯ ಮೆಟ್ಟಿಲು ಹತ್ತುವಾಗ ಅವನು ಈಚೆ ಬದಿಯಲ್ಲಿ ನಿಂತು ಮೀಸೆ ತೀಡುತ್ತಿದ್ದ. ಅಷ್ಟು ದಪ್ಪದ ಮನುಷ್ಯ ಅಷ್ಟು ಬೇಗ ಮೇಜು ಸುತ್ತಿ ಹೋದದ್ದು ಹೇಗೆಂದು ಅವಳಿಗೆ ಅರ್ಥವಾಗಲಿಲ್ಲ.

"ನಾನು ಸುಂದರನ ಹೆಂಡತಿ, ಸಾಮಿ. ಅವರನ್ನು ಎಂತಕ್ಕೆ ಒಳಗೆ ಹಾಕಿದ್ದು ಅಂತ ಕೇಳ್ಳಿಕ್ಕೆ ಬಂದದ್ದು."

"ಸೊಂಟದಲ್ಲಿ ಏನೇ ಅದು?"

ಚೆನ್ನು ಬೆನ್ನ ಹಿಂದೆ ಕೈ ಹಾಕಿ ನೋಡಿದಳು. ಬೆಳಿಗ್ಗೆ ಗುಡ್ಡದಲ್ಲಿ ಸೊಪ್ಪು ಕಡಿಯುತ್ತಿದ್ದಾಗ ಸುದ್ದಿ ಬಂದಿತ್ತು. ಹೊರೆಯನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದಳು. "ಇದಾ? ಕತ್ತಿ," ಎಂದು ಕೊಕ್ಕೆಯಿಂದ ಎಳೆದು ತೋರಿಸಿದಳು. ಗುರುಶಾಂತಪ್ಪ ಗೋಡೆಗೆ ಒರಗಿದ ರಭಸಕ್ಕೆ ಮೊಳೆಯಲ್ಲಿದ್ದ ಕ್ಯಾಲೆಂಡರು ಅವನ ಹೆಗಲ ಮೇಲೆ ಬಿತ್ತು.

ಆ ಕಡೆಯಲ್ಲಿ ಕೂಲಿಗೆ ಹೋಗುವ ಗಂಡಾಗಲಿ ಹೆಣ್ಣಾಗಲಿ ಸೊಂಟದ ಹಗ್ಗಕ್ಕೆ ಮರದ ಕೊಕ್ಕೆ ಕಟ್ಟಿ, ಅದಕ್ಕೆ ಕತ್ತಿ ಸಿಕ್ಕಿಸಿಕೊಂಡರೆ ಮತ್ತೆ ತೆಗೆಯುವುದು ಮಲಗುವಾಗಲೇ. ಕತ್ತಿ ಅಲ್ಲಿದೆ ಎನ್ನುವುದೂ ನೆನಪಿರುವುದಿಲ್ಲ. ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದ ಗುರುಶಾಂತಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದ ಪೊಲೀಸು ಶೀನಪ್ಪ, ಆ ಊರಿನವನೇ, ಮುಖ ಗಂಭೀರ ಮಾಡಿಕೊಂಡು ಬಂದು ಅವಳ ಕೈಯಿಂದ ಕತ್ತಿ ತೆಗೆದುಕೊಂಡ.

"ಚುನಾವಣೆ ಹತ್ರ ಬಂತು," ಗುರುಶಾಂತಪ್ಪ ಕ್ಯಾಲೆಂಡರು ಕೊಡವಿಕೊಂಡು ಹೇಳಿದ. "ನೇರೋಳ್ತಡಿ ಪೇಟೇಲಿ ಯಾವನೂ ಕತ್ತಿ ಹಿಡ್ಕಂಡು ಓಡಾಡಂಗಿಲ್ಲ. ನಿನ್ ಗಂಡ ಓಡಾಡ್ದ, ಒಳಗವ್ನೆ."

"ಅವರು ತ್ಯಾಂಪಣ್ಣ ಧಣಿಗಳ ತೋಟದ ಕೆಲಸ ಮುಗಿಸಿ ಬರುದು. ಕತ್ತಿ ಇಲ್ಲದಿದ್ರೆ ತೋಟದಲ್ಲಿ ಹಲ್ಲಲ್ಲಿ ಕಚ್ಚುದಾ?"

"ಬಾಯ್ ಮುಚ್ಚು. ಈ ಊರು ಎಂಥದ್ದು ಅಂತ ನಂಗೆ ಗೊತ್ತೈತೆ. ಯಾರಾದ್ರೂ ಮರ್ಯಾದಸ್ಥರು ಬಂದು ಜಾಮೀನು ನಿಲ್ಲಲಿ, ಬಿಡ್ತೀನಿ."

ಒಳಗಿನಿಂದ ಸುಂದರನ ಧ್ವನಿ ಕೇಳಿತು. "ಚೆನ್ನೂ, ಸೋಮವಾರ..." ಎಂದ ಅಷ್ಟೇ. ಮತ್ತೆ ಕೇಳಿದ್ದು ಲಾಠಿಯ ಸದ್ದು.

ಸೋಮವಾರ ಪುತ್ತೂರಿನ ಭೂನ್ಯಾಯ ಮಂಡಳಿಯಲ್ಲಿ ಅವರ ಗೇಣಿ ಗದ್ದೆಯ ವಿಚಾರಣೆ. ಸುಂದರನ ಅಜ್ಜನ ಕಾಲದಿಂದ ಉಳುತ್ತಿದ್ದ ಗದ್ದೆ. ಉಳುವವನು ಎದುರು ನಿಂತು ಹೌದು ಎಂದರೆ ಅವನದು, ಬಾರದಿದ್ದರೆ ಧಣಿಯದು. ತ್ಯಾಂಪಣ್ಣ ಧಣಿ ಆ ಗದ್ದೆಯ ಕೆಸರನ್ನು ಒಮ್ಮೆಯೂ ಮೆಟ್ಟಿದವನಲ್ಲ, ಕಾಲು ಕೊಳೆಯಾದೀತೆಂದು. ಠಾಣೆ ನಡೆಯುತ್ತಿದ್ದದ್ದು ಅವನ ಹಳೆಯ ಅಡಿಕೆ ಗೋದಾಮಿನಲ್ಲಿ. ಸುಂದರ ಯಾಕೆ ಒಳಗಿದ್ದಾನೆಂದು ಚೆನ್ನುವಿಗೆ ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೇರೋಳ್ತಡಿಗೆ ಕಡಬ, ಸುಳ್ಯದ ಕಡೆಯವರು ಕತ್ತಿಪೇಟೆ ಎನ್ನುತ್ತಿದ್ದರು. ಅಲ್ಲಿಗೆ ಹೆಣ್ಣು ಕೊಡಲು ಹೆದರುತ್ತಿದ್ದರು, ಮಾಸ್ತರುಗಳು ವರ್ಗವಾದರೆ ಕಾಯಿಲೆಯ ರಜೆ ಹಾಕುತ್ತಿದ್ದರು. ಮಂಗಳೂರಿನ ಒಂದು ಪತ್ರಿಕೆ "ನೆತ್ತರು ಕುಡಿಯುವ ಊರು" ಎಂದೂ ಬರೆದಿತ್ತು. ಈ ಕೀರ್ತಿ ಬಂದ ಬಗೆ ಊರಿನವರಿಗೆ ಮಾತ್ರ ಗೊತ್ತು. ತ್ಯಾಂಪಣ್ಣನ ಮನೆಯ ಶಾನುಭೋಗಿಕೆ ನೋಡುವ ಡೊಂಬಯ್ಯ, ಧಣಿಗೆ ತಿಳಿಯದಂತೆ ಧಣಿಯ ಹುಂಜವನ್ನೇ ಕಂಕುಳಲ್ಲಿ ಇಟ್ಟುಕೊಂಡು ಕೋಳಿ ಅಂಕಕ್ಕೆ ಹೋಗಿದ್ದ. ಹುಂಜದ ಕಾಲಿಗೆ ಅಂಕದ ಸಣ್ಣ ಕತ್ತಿ, ಬಾಳು, ಕಟ್ಟುವಾಗ ಅದು ಕೊಸರಿತು, ಡೊಂಬಯ್ಯನ ತೊಡೆ ಒಂದು ಗೇಣು ಸೀಳಿತು. ಹುಂಜ ಗೆದ್ದಿತು ಎಂಬುದು ಬೇರೆ ಮಾತು. ಮನೆಗೆ ಹೋಗಿ ಏನು ಹೇಳುವುದು? "ಒಕ್ಕಲುಗಳು ಕಡಿದರು ಧಣಿ, ಗದ್ದೆ ಕೊಡ್ಲಿಕ್ಕೆ ಉಂಟಾ ಇಲ್ವಾ ಅಂತ ಕೇಳಿ ಕಡಿದರು," ಎಂದ. ತ್ಯಾಂಪಣ್ಣನಿಗೆ ಅದು ಬೆಲ್ಲದಂತೆ ರುಚಿಸಿತು. ಭೂಮಸೂದೆಯ ಅರ್ಜಿಗಳು ಬೀಳುತ್ತಿದ್ದ ವರ್ಷವದು. ಪೊಲೀಸು ಬಂತು, ಪತ್ರಿಕೆಯವರು ಬಂದರು, ಠಾಣೆಯೇ ಬಂದು ಗೋದಾಮಿನಲ್ಲಿ ಕುಳಿತಿತು.

ಆ ಊರಿನಲ್ಲಿ ಬಾಳಿಗೆ ಸಿಕ್ಕಿ ಸತ್ತವು ಹುಂಜಗಳು ಮಾತ್ರ. ಪೆಟ್ಟು ಬೀಳುತ್ತಿರಲಿಲ್ಲ ಎಂದಲ್ಲ. ಚೆನ್ನುವಿನ ಮಾವನಿಗೆ ಧಣಿಯ ಎದುರು ಮುಂಡಾಸು ಬಿಚ್ಚಲಿಲ್ಲವೆಂದು ಕಿವಿಯ ತಮಟೆ ಹರಿಯುವಂತೆ ಬಿದ್ದಿತ್ತು. ಕೇರಳದಿಂದ ಬಂದು ರಬ್ಬರು ಹಾಲು ತೆಗೆಯುವ ಏಲಿಗೆ ಡೊಂಬಯ್ಯ ಬಸುರಿಯಲ್ಲಿ ಒದ್ದಿದ್ದ. ಆದರೆ ಮೇಲಿನಿಂದ ಕೆಳಗೆ ಬಿದ್ದ ಪೆಟ್ಟನ್ನು ಪತ್ರಿಕೆಯಲ್ಲಿ ಯಾರೂ ಗಲಾಟೆ ಎಂದು ಬರೆಯುತ್ತಿರಲಿಲ್ಲ.

ಚೆನ್ನು ಧಣಿಯ ಮನೆಗೆ ಹೋದಳು. ಆ ಮನೆಯ ಅಂಗಳದ ಕೆಳಗಿನ ದರೆಯಲ್ಲಿ ನಿಂತು ಕೂಗಬೇಕು, ಅವಳ ಜಾತಿಯವರಿಗೆ ಅಲ್ಲಿಂದ ಮೇಲೆ ಇಲ್ಲ. ಬಾಯಾರಿದರೆ ತೆಂಗಿನ ಗೆರಟೆಯಲ್ಲಿ ನೀರು, ಅದನ್ನೂ ಮೇಲಿನಿಂದ ಹೊಯ್ಯುತ್ತಾರೆ. ಚಪ್ಪರ ಏಳುತ್ತಿತ್ತು. ಭಾನುವಾರ ಧಣಿಯ ಮಗಳ ನಿಶ್ಚಿತಾರ್ಥ.

"ಸುಂದರ ಒಳಗಾ? ಪಾಪ," ಎಂದ ತ್ಯಾಂಪಣ್ಣ, ಎಲೆಗೆ ಸುಣ್ಣ ಹಚ್ಚುತ್ತ. "ನಾನು ಒಂದು ಮಾತು ಹೇಳಿದ್ರೆ ಬಿಡ್ತಾರೆ. ಆದರೆ ಗದ್ದೆ ಬೇಡ ಅಂತ ಹೆಬ್ಬೆಟ್ಟು ಒತ್ತಲಿ."

"ಗದ್ದೆ ಬಿಟ್ಟು ನಾವು ಎಂತ ತಿನ್ನುದು, ಧಣಿ?"

"ಇಷ್ಟು ವರ್ಷ ಎಂತ ತಿಂದದ್ದು? ನನ್ನ ಎಂಜಲಲ್ವಾ? ಬೇವರ್ಸಿ ನಾಯಿಗಳು, ಕಾಯಿದೆ ಮಾತಾಡ್ಲಿಕ್ಕೆ ಕಲಿತದ್ದು. ಹೋಗು, ನಾಳೆ ಸೊಪ್ಪು ಕಡಿಲಿಕ್ಕೆ ಬಾ. ಗಂಡ ಒಳಗಿದ್ರೆ ಕೆಲಸ ನಿಲ್ಲುದಾ?"

ಮರುದಿನ ಶುಕ್ರವಾರ ಅವಳು ಕತ್ತಿ ಕೇಳಲು ಠಾಣೆಗೆ ಹೋದಳು. ಕೊಡುವುದಿಲ್ಲ, ಕಾನೂನು ಎಂದರು. ಅಲ್ಲಿಂದ ಬಂದು ಪೋಕರ್‌ನ ಮೀನಿನ ಕಟ್ಟೆಯ ಬಳಿ ಕುಳಿತಳು. ಕತ್ತಿ ಇಲ್ಲದೆ ಎಲ್ಲಿಗೆ ಹೋಗುವುದು? ಕೈ ಮತ್ತೆ ಮತ್ತೆ ಬೆನ್ನ ಹಿಂದೆ ಹೋಗಿ ಬರಿಯ ಕೊಕ್ಕೆ ಮುಟ್ಟಿ ಬರುತ್ತಿತ್ತು.

"ಎಂತ ಚೆನ್ನು, ಇವತ್ತು ಧಣಿ ಹೆಂಡತಿಯ ಹಾಗೆ ಕೂತಿದ್ದಿ?" ಪೋಕರ್ ಬಂಗುಡೆ ಕೊಯ್ಯುತ್ತ ಕೇಳಿದ.

"ಕತ್ತಿ ಒಳಗೆ ಉಂಟಲ್ಲ. ನಾನು ಹೊರಗೆ ಎಂತ ಮಾಡುದು?" ಎಂದು ಅವನ ಕೈಯಲ್ಲಿದ್ದ ಮೀನಿನ ಕತ್ತಿಯನ್ನೇ ನೋಡುತ್ತ ಕುಳಿತಳು. ಅವಳ ಬಾಯಿಯ ಮೂಲೆ ಮೆಲ್ಲ ಅಲುಗಿತು. "ಅಲ್ಲ ಪೋಕರಾಕ, ಆ ಎಸ್ಸೈ ಹೇಳಿದ್ದು ಪೇಟೆಯಲ್ಲಿ ಯಾರೂ ಕತ್ತಿ ಹಿಡೀಬಾರ್ದು ಅಂತ. ನೀವು ಹಿಡ್ಕೊಂಡದ್ದು ಎಂತದು, ನವಿಲುಗರಿಯಾ?"

"ಇದು ಮೀನಿಂದು ಮಾರಾಯ್ತಿ."

"ಕಾನೂನಿಗೆ ಮೀನು ಗೊತ್ತುಂಟಾ? ಪಾಪ, ನನ್ನ ಕತ್ತಿಗೆ ಅಲ್ಲಿ ಒಬ್ಬಳಿಗೇ ಬೇಜಾರು. ಜೊತೆಗೆ ನಾಲ್ಕು ಜನ ಹೋದ್ರೆ ಆಗ್ತದೆ."

ಪೋಕರ್ ಅವಳ ಮುಖ ನೋಡಿದ. ಮೊದಲು ಅವನ ಗಡ್ಡ ನಕ್ಕಿತು, ಆಮೇಲೆ ಹೊಟ್ಟೆ. ಅರ್ಧ ಕೊಯ್ದ ಬಂಗುಡೆಯನ್ನು ಬುಟ್ಟಿಗೆ ಹಾಕಿ ಕತ್ತಿ ತೊಳೆದ.

ಮಾತು ಕಾಡುಬೆಂಕಿಯಂತೆ ಹಬ್ಬಿತು. ಹೊತ್ತು ನೆತ್ತಿಗೇರುವಾಗ ಊರಿಗೆ ಊರೇ ಕತ್ತಿ ಹಿಡಿದು ಠಾಣೆಯ ಕಡೆ ಬಂತು. ಅಡಿಕೆ ಕೊಯ್ಯುವವರು, ಸೊಪ್ಪು ಕಡಿಯುವ ಹೆಂಗಸರು, ಹುಲ್ಲಿನ ಅಜ್ಜಿಯರು. ಏಲಿ ತನ್ನ ರಬ್ಬರು ಕೆತ್ತುವ ಉಳಿಯನ್ನು ಸೆರಗಿನಲ್ಲಿ ಕಟ್ಟಿ ತಂದಳು. ಕ್ಷೌರದ ಬಾಬು ಕ್ಷೌರಕತ್ತಿ, ಕನ್ನಡಿ ಸಮೇತ ಬಂದ. ಗುರುಶಾಂತಪ್ಪ ಕಿಟಕಿಯಿಂದ ನೋಡಿದ, ಬಾಗಿಲಿಗೆ ಅಗುಳಿ ಹಾಕಿದ, ಶೀನಪ್ಪನನ್ನು ಹೊರಗೇ ಬಿಟ್ಟು.

"ದಂಗೆಯೇನೋ ಅದು?" ಒಳಗಿನಿಂದ ಕೇಳಿದ.

"ಅಲ್ಲ ಸಾರ್," ಶೀನಪ್ಪ ಹೊರಗಿನಿಂದ ಹೇಳಿದ. "ಲೈನು ಉಂಟು."

ಒಬ್ಬೊಬ್ಬರಾಗಿ ಜಗಲಿಗೆ ಬಂದು, ಕತ್ತಿ ಇಟ್ಟು, ಕೈ ಮುಗಿದು ಹೋದರು. "ನನ್ನದಕ್ಕೆ ಎಣ್ಣೆ ಹಚ್ಚಬೇಕು ಸಾರೇ, ತುಕ್ಕು ಪಿಡಿಕ್ಕುಂ," ಎಂದಳು ಏಲಿ. ಕೊನೆಗೆ ಕಬ್ಬಿಣದ ಆಚಾರಿ ಒಂದು ಗೋಣಿ ಹೊತ್ತು ತಂದು ಸುರಿದ. ನಿಶ್ಚಿತಾರ್ಥದ ಅಡುಗೆಗೆಂದು ಹರಿತ ಮಾಡಲು ಧಣಿಯ ಮನೆಯಿಂದ ಕಳಿಸಿದ್ದ ಕತ್ತಿಗಳವು, ದೊಡ್ಡ ಮೆಟ್ಟುಕತ್ತಿ ಸಹಿತ. "ಪೇಟೆಯಲ್ಲಿ ಇಡ್ಲಿಕ್ಕೆ ಹೆದರಿಕೆ ಆಗ್ತದೆ, ಕಾಲ ಸರಿ ಇಲ್ಲ," ಎಂದ ಆಚಾರಿ.

ಗುರುಶಾಂತಪ್ಪ ಹೊರಗೆ ಬಂದು ರಾಶಿ ನೋಡಿದ. ಭಯ ಇಳಿದ ಮೇಲೆ ಹೆಮ್ಮೆ ಏರಿತು. ಕತ್ತಿಪೇಟೆಯನ್ನು ನಿಶ್ಶಸ್ತ್ರಗೊಳಿಸಿದ್ದೇನೆ ಎಂದು ಮಂಗಳೂರಿಗೆ ತಂತಿ ಕಳಿಸಿದ.

ಶನಿವಾರ ನೇರೋಳ್ತಡಿಯಲ್ಲಿ ರಬ್ಬರು ಮರಗಳು ಹಾಲು ಕೊಡಲಿಲ್ಲ. ಅಡಿಕೆ ಗೊನೆಗಳು ಮರದಲ್ಲೇ ಇದ್ದವು. ಧಣಿಯ ಹಟ್ಟಿಯ ಎಮ್ಮೆಗಳು ಹುಲ್ಲಿಲ್ಲದೆ ಮೂರು ಗುಡ್ಡ ಕೇಳುವಂತೆ ಕೂಗಿದವು. ಠಾಣೆಯ ಪೊಲೀಸರು ಮೀನನ್ನು ಇಡಿಯಾಗಿ ಬೇಯಿಸಿ ತಿಂದರು. ಕೂಲಿಯಿಲ್ಲದೆ ಚೆನ್ನುವಿನ ಕೇರಿಯಲ್ಲಿ ಒಲೆಗಳೂ ಉರಿಯಲಿಲ್ಲ. ಒಂದು ಹೊತ್ತು ಗಂಜಿ ಕುಡಿದು ಎರಡು ಹೊತ್ತು ನಕ್ಕರು, ಮಕ್ಕಳು ಮಾತ್ರ ಅತ್ತವು. ಅತ್ತ ಮಕ್ಕಳನ್ನು ನೋಡುವಾಗ ಚೆನ್ನುವಿಗೆ ಇದು ತನ್ನ ಹುಚ್ಚಾಟವೋ ಎನ್ನಿಸಿತು. ಯಾರೂ ಅವಳನ್ನು ದೂರಲಿಲ್ಲ.

ಭಾನುವಾರ ಬೆಳಿಗ್ಗೆ ತ್ಯಾಂಪಣ್ಣ ಧಣಿ ತಾನೇ ನಡೆದು ಠಾಣೆಗೆ ಬಂದ. ಎರಡು ದಿನದ ಗಡ್ಡ ಮುಖದ ಮೇಲಿತ್ತು. ಹಿಂದಿನಿಂದ ಡೊಂಬಯ್ಯ ಕುಂಟುತ್ತ ಬಂದ. ಚಪ್ಪರದಲ್ಲಿ ಎಳೆ ಹಲಸಿನ ಗುಜ್ಜೆ, ಕುಂಬಳಕಾಯಿ ರಾಶಿ ಬಿದ್ದಿದ್ದವು, ಬಾಳೆಲೆ ಗಿಡದಲ್ಲೇ ಇತ್ತು, ಮಧ್ಯಾಹ್ನಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಅಡುಗೆ ಭಟ್ಟರು ಗುಜ್ಜೆಯನ್ನು ಕಲ್ಲಿಗೆ ಕುಟ್ಟಿ ನೋಡಿ ಕೈಚೆಲ್ಲಿದ್ದರು. ಚೆನ್ನು, ಪೋಕರ್, ಏಲಿ ಮತ್ತು ಕೇರಿಯವರೆಲ್ಲ ಎದುರಿನ ಕಟ್ಟೆಯಲ್ಲಿ ಕುಳಿತಿದ್ದರು.

"ಇವರ ಕತ್ತಿ ಕೊಡಿ ಮಾರಾಯ್ರೆ," ಎಂದ ತ್ಯಾಂಪಣ್ಣ.

"ಹೆಂಗ್ ಕೊಡ್ಲಿ, ಯಜಮಾನ್ರೆ? ಇವರು ಕಡಿಯೋ ಜನ ಅಂತ ನೀವೇ ಹೇಳಿದ್ರಿ. ಮೇಲಕ್ಕೆ ತಂತಿ ಬೇರೆ ಹೋಗೈತೆ. ಯಾರಾದ್ರೂ ಮರ್ಯಾದಸ್ಥರು ಇವರು ಒಳ್ಳೆ ಜನ ಅಂತ ಹೇಳಿ ಜಾಮೀನು ನಿಲ್ಲಬೇಕು."

ತ್ಯಾಂಪಣ್ಣ ಬಾಯೊಳಗೆ ಏನೋ ಹೇಳಿದ.

"ನಮಗೆ ಕೇಳುದಿಲ್ಲ ಧಣಿ," ಎಂದಳು ಚೆನ್ನು ಕಟ್ಟೆಯಿಂದ ಏಳದೆ. "ನಾವು ದೂರ ಇದ್ದೇವಲ್ಲ."

"ಒಳ್ಳೆ ಜನ," ಎಂದ ತ್ಯಾಂಪಣ್ಣ. ಹಲ್ಲು ಕೀಳಿಸಿಕೊಳ್ಳುವವನಂತಿತ್ತು ಮುಖ. "ಯಾರನ್ನೂ ಕಡಿದವರಲ್ಲ. ಜಾಮೀನು ನಾನು."

"ಡೊಂಬಯ್ಯನ ತೊಡೆ?" ಗುರುಶಾಂತಪ್ಪ ಕೇಳಿದ.

"ಅದು ಹುಂಜ," ಎಂದ ಡೊಂಬಯ್ಯ ನೆಲ ನೋಡುತ್ತ. ತ್ಯಾಂಪಣ್ಣ ಅವನ ಕಡೆ ತಿರುಗಿದ ರೀತಿಗೆ ಅವನು ಎರಡು ಹೆಜ್ಜೆ ಹಿಂದೆ ಹೋದ.

ಶೀನಪ್ಪ ಕತ್ತಿಗಳನ್ನು ತಂದು ಅಂಗಳದಲ್ಲಿ ಹರಡಿದ. ಯಾರೂ ಏಳಲಿಲ್ಲ.

"ನನ್ನ ಗಂಡನ ಕತ್ತಿಯೂ ಅದರಲ್ಲಿ ಉಂಟು," ಎಂದಳು ಚೆನ್ನು. "ಕತ್ತಿ ಒಳ್ಳೇದು, ಹಿಡಿದ ಕೈ ಕೆಟ್ಟದಾ? ಅವರು ಬರ್ಲಿ, ಮತ್ತೆ ನಾವು ತೆಗೆಯುದು."

ಗುರುಶಾಂತಪ್ಪ ತ್ಯಾಂಪಣ್ಣನ ಮುಖ ನೋಡಿದ. ತ್ಯಾಂಪಣ್ಣ ಹೊತ್ತು ನೋಡಿದ. ಬಿಸಿಲು ಏರುತ್ತಿತ್ತು. "ಬಿಟ್ಟು ಸಾಯಿ ಅವನನ್ನು," ಎಂದ.

ಸುಂದರ ಬಾಗಿಲಿಗೆ ಬಂದದ್ದು ಮೊಣಕಾಲಿನಲ್ಲಿ. ಅಂಗಾಲುಗಳು ಬಾತು, ಚರ್ಮ ಬಿರಿದು ನೀಲಿಗಟ್ಟಿದ್ದವು. ಸೋಮವಾರ ಅವನು ನಡೆಯಬಾರದೆಂದು ಯಾರೋ ಮನಸ್ಸಿಟ್ಟು ಮಾಡಿದ ಕೆಲಸ. ಕಟ್ಟೆಯ ನಗು ನಿಂತಿತು. ಏಲಿ ಶಿಲುಬೆ ಗೀರಿಕೊಂಡಳು. ಚೆನ್ನುವಿಗೆ ಅಳು ಬಂತು, ಆದರೆ ಅಳಲು ಅದು ಜಾಗವಲ್ಲ ಎಂದು ನುಂಗಿದಳು.

"ಪುತ್ತೂರಿಗೆ ಇವತ್ತು ಬಸ್ಸಿಲ್ಲ, ನಾಳೆಯದ್ದು ಮುಟ್ಟುವಾಗ ಹೊತ್ತಾಗ್ತದೆ," ಎಂದ ಸುಂದರ.

"ಸಿಕ್ಕಿತಲ್ಲ, ಏಳಿ ಇನ್ನು," ತ್ಯಾಂಪಣ್ಣ ಕೈ ಬೀಸಿದ. "ಎಲ್ಲ ಬನ್ನಿ ಮನೆಗೆ. ಎಲೆ ಕೊಯ್ಲಿಕ್ಕುಂಟು, ಗುಜ್ಜೆ ಕಡಿಲಿಕ್ಕುಂಟು. ಬೇಗ."

ಚೆನ್ನು ಎದ್ದು ತನ್ನ ಕತ್ತಿ ತೆಗೆದುಕೊಂಡಳು. ಹಿಂದಿನಿಂದ ಎಲ್ಲರೂ ಎದ್ದರು. ಅವಳು ಧಣಿಯ ಮನೆಯ ದಾರಿ ಹಿಡಿಯಲಿಲ್ಲ. ಗೋದಾಮಿನ ಪಕ್ಕದಲ್ಲಿ ತ್ಯಾಂಪಣ್ಣನ ಬಿದಿರು ಮೆಳೆ ಇತ್ತು, ಅವನ ಅಪ್ಪ ನೆಡಿಸಿದ್ದು, ಮುಟ್ಟಿದವನ ಬೆನ್ನು ಸುಲಿಯುತ್ತಿದ್ದದ್ದು. ಚೆನ್ನು ಸೆರಗು ಬಿಗಿದು, ಒಂದು ಒಳ್ಳೆಯ ಬಿದಿರು ಆರಿಸಿ, ಬುಡಕ್ಕೆ ಕತ್ತಿ ಎತ್ತಿ ಕಡಿದಳು. ಎರಡು ದಿನ ಸುಮ್ಮನಿದ್ದ ಕೈಗೆ ಆ ಪೆಟ್ಟು ಹಿತವಾಗಿತ್ತು. ಬಿದಿರು ಬಿತ್ತು. ಇನ್ನೊಂದಕ್ಕೆ ಅಡಿಕೆ ಕೊಯ್ಯುವ ಹುಡುಗರು ಬಿದ್ದರು. ಪೋಕರ್ ಬಳ್ಳಿ ತಂದ.

"ಯಾರ ಬಿದಿರು ಅದು, ರಂಡೆ?" ತ್ಯಾಂಪಣ್ಣ ಕೂಗಿದ. "ಎಸ್ಸೈಯವರೆ, ನೋಡ್ತಾ ನಿಂತದ್ದಾ? ಒಳಗೆ ಹಾಕಿ ಇವಳನ್ನು."

ಗುರುಶಾಂತಪ್ಪ ಕತ್ತಿ ಹಿಡಿದ ಅಷ್ಟು ಕೈಗಳನ್ನು ನೋಡಿದ. "ಒಳ್ಳೆ ಜನ ಅಂತ ಈಗ ತಾನೆ ಹೇಳಿದ್ರಲ್ಲ ಯಜಮಾನ್ರೆ," ಎಂದು ಒಳಗೆ ಹೋದ.

ಎರಡು ಬಿದಿರಿನ ನಡುವೆ ಗೋಣಿ ಬಿಗಿದು ಸುಂದರನನ್ನು ಕೂರಿಸಿದರು. ಪುತ್ತೂರು ದೂರ, ಕಾಲುದಾರಿಯಲ್ಲಿ ಹೋದರೆ ಬೆಳಗಾಗುವಾಗ ಮುಟ್ಟಬಹುದು. ಕತ್ತಿಗಳನ್ನು ಕೊಕ್ಕೆಗೆ ಸಿಕ್ಕಿಸಿ, ಹೆಗಲು ಕೊಟ್ಟು, ಒಟ್ಟಿಗೆ ಎತ್ತಿದರು. ದಾರಿ ಇದ್ದದ್ದು ತ್ಯಾಂಪಣ್ಣ ನಿಂತಲ್ಲೇ. ಅವನು ಸರಿಯಲಿಲ್ಲ, ಅವರೂ ನಿಲ್ಲಲಿಲ್ಲ. ಸುಂದರನ ಬಾತ, ರಕ್ತ ಒಸರುವ ಎರಡು ಪಾದಗಳು ಧಣಿಯ ಮುಖದ ಎತ್ತರದಲ್ಲಿ, ಮೂಗಿಗೆ ತಾಗುವಷ್ಟು ಹತ್ತಿರದಿಂದ ದಾಟಿ ಹೋದವು.